ಕಾರಣ: ಧೂಳು

ನಮ್ಮ ಕಾರಗೈ-ಜಾರ್ ಕಣಿವೆಯ ವೈದ್ಯಕೀಯ ಸೇವೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ ಅದರಲ್ಲಿ ಶಸ್ತ್ರವೈದ್ಯರ ಹೆಸರುಗಳು ಬರುತ್ತವೆ, ಹಿಮದಲ್ಲಿ ಕುದುರೆಯೇರಿ ಹೋಗಿ ಹೆರಿಗೆ ಮಾಡಿಸಿದ ದಾದಿಯರ ಹೆಸರುಗಳೂ ಬಂದಾವು. ಆಸ್ಪತ್ರೆಯ ಯಂತ್ರಗಳನ್ನು ಬದುಕಿಸಿಟ್ಟವರ ಹೆಸರು ಮಾತ್ರ ಬರುವುದು ಅನುಮಾನ. ಹಜಾರದ ಅಮೃತಶಿಲೆಯ ಫಲಕದಲ್ಲಿ ಹತ್ತೊಂಬತ್ತು ಹೆಸರುಗಳಿವೆ, ಹತ್ತೊಂಬತ್ತೂ ವೈದ್ಯರವೇ. ಆದ್ದರಿಂದ ಇಪ್ಪತ್ತೆಂಟು ವರ್ಷ ಈ ಆಸ್ಪತ್ರೆಯ ಉಗ್ರಾಣ, ದುರಸ್ತಿ ಕೋಣೆಗಳಲ್ಲಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಅಸಿಲ್ಕಾನ್ ಬೆಯಿಶೆನೋವಾ ಅವರಿಗೆ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಆ ಹಿರಿಯರಿಗೆ, ಈ ಸಂಪುಟ ಅರ್ಪಿತವಾಗುತ್ತಿರುವುದು ಯೋಗ್ಯವೇ ಆಗಿದೆ. ತಡವಾಯಿತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈ ಲೇಖಕಿ ಇದೇ ಆಸ್ಪತ್ರೆಯ ಕಿವಿ, ಮೂಗು, ಗಂಟಲಿನ ವೈದ್ಯೆ. ಇದಕ್ಕೆ ಮೊದಲು ಮೂರು ಅಭಿನಂದನ ಸಂಪುಟಗಳಿಗೆ ಬರೆದು, ಮೂರರಲ್ಲೂ 'ತುಂಬಲಾರದ ಸ್ಥಾನ' ಎಂಬ ಮಾತನ್ನು ಬಳಸಿ, ಮುಂದಿನ ಸೋಮವಾರವೇ ಆ ಸ್ಥಾನದಲ್ಲಿ ಇನ್ನೊಬ್ಬರು ಕುಳಿತು ಚಹಾ ಕುಡಿಯುತ್ತಿದ್ದುದನ್ನು ಕಂಡವಳು. ಹೀಗಾಗಿ ಆ ಮಾತಿನ ಮೇಲೆ ಅವಳಿಗೆ ನಂಬಿಕೆ ಹೋಗಿದೆ. ಈ ಸಲ ಅದನ್ನು ಬಿಟ್ಟು, ನಡೆದದ್ದನ್ನು ನಡೆದಂತೆ ಹೇಳುವುದೇ ಲೇಸು.

೧೯೬೩ರಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಎಜೆ ಹದಿನೆಂಟನೆಯ ವಯಸ್ಸಿಗೆ ರಾಜಧಾನಿಯಾದ ಫ್ರುಂಜೆ ನಗರಕ್ಕೆ ಹೋಗಿ, ಅಳತೆಯ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸಕ್ಕೆ ಸೇರಿದರು. ಹಗಲಿಡೀ ತಗಡು ಒತ್ತುವ ಯಂತ್ರಗಳ ಅಬ್ಬರದ ಪಕ್ಕದಲ್ಲಿ ಕುಳಿತು ಹನ್ನೆರಡು ವರ್ಷ ದುಡಿದರು. ದೇಶದ ಹೆಸರು ಬದಲಾಯಿತು, ನಗರದ ಹೆಸರೂ ಬದಲಾಯಿತು, ಕಾರ್ಖಾನೆಗೆ ಬೀಗ ಬಿತ್ತು. ಒಂದು ಬೆಸುಗೆ ಕಡ್ಡಿಯನ್ನೂ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಊರಿಗೆ ಮರಳಿದವರು ೧೯೯೬ರಲ್ಲಿ ನಮ್ಮ ಆಸ್ಪತ್ರೆಯ ಉಗ್ರಾಣಕ್ಕೆ ಸಹಾಯಕಿಯಾಗಿ ಬಂದರು. ಉಗ್ರಾಣದಲ್ಲಿ ಹಾಳಾಗಿ ಬಿದ್ದಿದ್ದ ಹೃದಯದ ಬಡಿತ ಅಳೆಯುವ ಯಂತ್ರವೊಂದನ್ನು ಯಾರೂ ಹೇಳದೆಯೇ ಸರಿಮಾಡಿದ್ದರಿಂದ ಅವರನ್ನು ದುರಸ್ತಿ ಕೋಣೆಗೆ ಹಾಕಲಾಯಿತು. ೨೦೦೩ರಲ್ಲಿ ಮೊದಲ ಕಂಪ್ಯೂಟರ್ ಬಂದಾಗ ಅದೂ ಅವರ ಪಾಲಿಗೇ ಬಂತು.

ಅಂದಿನಿಂದ ಇಂದಿನವರೆಗೆ ಅವರ ಬಾಗಿಲಿಗೆ ಬಂದ ದೂರು ಒಂದೇ: ಓಡುತ್ತಿದೆ, ಆದರೆ ಪರದೆಯ ಮೇಲೆ ಏನೂ ಕಾಣಿಸುತ್ತಿಲ್ಲ. ಫ್ಯಾನು ತಿರುಗುತ್ತದೆ, ಹಸಿರು ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಇದರಲ್ಲಿ ಅರ್ಧಕ್ಕರ್ಧ ದೂರುಗಳು ಬರುತ್ತಿದ್ದುದು ಅಕ್ಟೋಬರ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ. ಏಕೆಂದರೆ ನಮ್ಮವರು ಚಳಿ ಶುರುವಾದೊಡನೆ ಮೇಜುಗಳನ್ನೆಲ್ಲ ಕಿಟಕಿಯ ಬಳಿಯಿಂದ ಒಲೆಯ ಬಳಿಗೆ ಎಳೆಯುತ್ತಾರೆ, ಹಿಮ ಕರಗಿದೊಡನೆ ಮತ್ತೆ ಕಿಟಕಿಗೆ ಒಯ್ಯುತ್ತಾರೆ. ಎಳೆದಾಗ ತಂತಿಗಳು ಕಳಚುತ್ತವೆ. ಮರಳಿ ಸಿಕ್ಕಿಸುವಾಗ ಪರದೆಯ ತಂತಿಯನ್ನು ಕೆಳಗಿನ ಚಿತ್ರಕಾರ್ಡಿನ, ಅಂದರೆ ಗ್ರಾಫಿಕ್ಸ್ ಕಾರ್ಡಿನ, ಕುಳಿಗೆ ಹಾಕುವ ಬದಲು, ಅದೇ ಆಕಾರದ ಮೇಲಿನ ಕುಳಿಗೆ ಹಾಕುತ್ತಾರೆ. ಕಾರ್ಡು ಇರುವ ತನಕ ಆ ಮೇಲಿನ ಕುಳಿ ಸತ್ತಂತೆಯೇ. "ಕುರಿ ಬಿಟ್ಟು ಎರಡು ತಲೆಮಾರಾಯ್ತು, ಇನ್ನೂ ಬೇಸಿಗೆಗೊಂದು ಬೀಡು, ಚಳಿಗಾಲಕ್ಕೊಂದು ಬೀಡು. ಸಿಕ್ಕಿದ್ದನ್ನ ಹೊಡ್ಕೊಂಡು ಹೋಗೋದೇ ನಿಮ್ಮ ಕಸುಬು, ಮೇಜಾದ್ರೇನು" ಎಂದು ಗೊಣಗುತ್ತ ಎಜೆ ಮೇಜಿನ ಕೆಳಗೆ ನುಸುಳುತ್ತಿದ್ದರು. ಆ ಗೊಣಗಾಟವಿಲ್ಲದ ಅಕ್ಟೋಬರ್ ನಮಗೆ ನೆನಪಿಲ್ಲ.

ತಂತಿಯ ತಪ್ಪಲ್ಲವಾದರೆ ಅವರ ಕೆಲಸ ಒಂದು ಕ್ರಮದಲ್ಲಿ ಸಾಗುತ್ತಿತ್ತು. ಮೊದಲು ಹಾಲು ಹಾಕಿದ ಚಹಾ. ನಂತರ ಪರದೆಯನ್ನು ಬೇರೆ ಯಂತ್ರಕ್ಕೆ ಜೋಡಿಸಿ, ತಪ್ಪು ಪರದೆಯದೋ ಪೆಟ್ಟಿಗೆಯದೋ ಎಂದು ತಿಳಿಯುವುದು. ಪೆಟ್ಟಿಗೆಯದಾದರೆ ವಿದ್ಯುತ್ತಿನ ತಂತಿ ಕಿತ್ತು, ಒಳಗೆ ಉಳಿದ ಕಸುವೂ ಇಳಿಯಲೆಂದು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು. ನೆನಪಿನ ಪಟ್ಟಿಗಳನ್ನು, ಅಂದರೆ ಮೆಮೊರಿಯ ಬಿಲ್ಲೆಗಳನ್ನು, ಹೊರತೆಗೆದು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಟಕ್ಕೆನ್ನುವವರೆಗೆ ಮತ್ತೆ ಕೂರಿಸುವುದು. ಅಷ್ಟಕ್ಕೂ ಬಗ್ಗದಿದ್ದರೆ ಜೇಬಿನಿಂದ ಅಂಗಿಯ ಗುಂಡಿಯಷ್ಟೇ ಗಾತ್ರದ ಪುಟ್ಟ ಸ್ಪೀಕರ್ ಹೊರಬರುತ್ತಿತ್ತು. ಅದರ ಎರಡು ಎಳೆಗಳನ್ನು ಒಳಗಿನ ಹಲಗೆಗೆ, ಅಂದರೆ ಮದರ್‌ಬೋರ್ಡಿಗೆ, ಸಿಕ್ಕಿಸಿ ಯಂತ್ರ ಹಚ್ಚಿದರೆ ಅದು ಬೀಪ್ ಎಂದು ಕೂಗಿ ತನ್ನ ನೋವು ಎಲ್ಲಿದೆಯೆಂದು ಹೇಳುತ್ತದೆ. ಉದ್ದ ಕೂಗು ಮತ್ತೆ ಮತ್ತೆ ಬಂದರೆ ನೆನಪಿನ ಪಟ್ಟಿ, ಒಂದು ಉದ್ದ ಎರಡು ಗಿಡ್ಡ ಬಂದರೆ ಚಿತ್ರಕಾರ್ಡು.

ದುರಸ್ತಿಯಾದ ಮೇಲೆ ಒಂದು ಪುಸ್ತಕದಲ್ಲಿ ದೋಷದ ಕಾರಣ ಬರೆಯಬೇಕೆಂಬುದು ನಿಯಮ. ಸಂಪಾದಕ ಸಮಿತಿಯವರು ಆ ಇಪ್ಪತ್ತು ವರ್ಷಗಳ ಪುಸ್ತಕಗಳನ್ನು ತಿರುವಿಹಾಕಿದರು. ಪುಟದ ಮೇಲೆ ಪುಟ, ಎಲ್ಲ ಕಡೆಯೂ ಒಂದೇ ಮಾತು: ಕಾರಣ, ಧೂಳು. ನೋಂದಣಿಯ ಮೇಜಿನವರು ಚಹಾ ಚೆಲ್ಲಿದ್ದಕ್ಕೂ ಧೂಳು, ಯಾರೋ ಸಿಟ್ಟಿನಲ್ಲಿ ಪೆಟ್ಟಿಗೆಯನ್ನು ಒದ್ದದ್ದಕ್ಕೂ ಧೂಳು. 'ಯಾರು ಮಾಡಿದ್ದು' ಎಂಬ ಪ್ರಶ್ನೆಯನ್ನು ಎಜೆ ಒಂದು ದಿನವೂ ಕೇಳಲಿಲ್ಲ.

ಈ ಲೇಖಕಿಯೂ ಆ ಧೂಳಿನ ಫಲಾನುಭವಿ. ೨೦೦೯ರ ಜನವರಿಯಲ್ಲಿ, ಇನ್ನೂ ಪರೀಕ್ಷಾರ್ಥ ಸೇವೆಯಲ್ಲಿದ್ದ ಅವಳು, ತನ್ನ ವಿಭಾಗಕ್ಕೆ ಬಂದ ಹೊಚ್ಚ ಹೊಸ ಕಂಪ್ಯೂಟರನ್ನು ವಾಹನದ ಹಿಂಬದಿಯ ಕೊರೆಯುವ ಚಳಿಯಿಂದ ಬಿಸಿ ಕೋಣೆಗೆ ತಂದು, ಆಸೆ ತಡೆಯಲಾರದೆ ಆಗಲೇ ಗುಂಡಿ ಒತ್ತಿದಳು. ತಣ್ಣಗಿನ ಲೋಹದ ಮೇಲೆ ಬೆವರಿನಂತೆ ನೀರು ಕೂತಿತ್ತು. ಪರದೆ ಮೂಡಲೇ ಇಲ್ಲ, ಹಲಗೆ ಸುಟ್ಟು ವಾಸನೆ ಬಂತು. ಅವಳು ಅಳುತ್ತ ನಿಂತಿದ್ದಾಗ ಎಜೆ ಪೆಟ್ಟಿಗೆ ಬಿಚ್ಚಿ ನೋಡಿ, ಮುಚ್ಚಿ, "ದಾರಿ ಕೆಟ್ಟದು, ಧೂಳು ತುಂಬಿದೆ" ಎಂದರು. ಮೊಳಕಾಲುದ್ದ ಹಿಮ ಬಿದ್ದಿದ್ದ ದಾರಿಯಲ್ಲಿ ಧೂಳು ಎಲ್ಲಿಂದ ಬಂತೆಂದು ಅಂದಿನ ಮುಖ್ಯ ವೈದ್ಯರು ಕೇಳಲಿಲ್ಲ. ಲೇಖಕಿಯ ಕೆಲಸ ಉಳಿಯಿತು.

ಇನ್ನು ಹೇಳಬೇಕಾದದ್ದು ಈ ಆಸ್ಪತ್ರೆಯ ನೂರ ನಲವತ್ತು ಮಂದಿಗೆ ಗೊತ್ತಿರುವ ವಿಷಯ. ನಮಗೆ ಗೊತ್ತಿದೆ ಎಂಬುದು ತಿಳಿಯದಿರುವವರು ಒಬ್ಬರೇ.

ಎಜೆಯ ಕಿವಿ ಸುಮಾರು ೨೦೧೨ರಿಂದ ಕುಂದುತ್ತ ಬಂತು. ಕಾರ್ಖಾನೆಯ ಅಬ್ಬರ ತನ್ನ ಸುಂಕವನ್ನು ತಡವಾಗಿ ವಸೂಲು ಮಾಡಿತು. ಅವರು ತುಟಿಗಳನ್ನು ಓದಲು ಕಲಿತರು. ಬೀಪ್ ಕೇಳಿಸದಾದಾಗ ಆ ಪುಟ್ಟ ಸ್ಪೀಕರನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ದವಡೆಯ ಮೂಳೆಯ ಕಂಪನದಲ್ಲೇ ಉದ್ದ ಗಿಡ್ಡ ಎಣಿಸಲು ಕಲಿತರು. ಆದರೆ ವಿದ್ಯುತ್ ಉಪಕರಣಗಳ ಕೆಲಸದವರಿಗೆ ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಕಡ್ಡಾಯ, ಕೇಳಿಸದವರು ಅಂದೇ ಮನೆಗೆ. ಪರೀಕ್ಷೆ ಮಾಡುವವಳು ಈ ಲೇಖಕಿ. ಪರೀಕ್ಷಿಸಿಕೊಳ್ಳುವವರು ಬೆನ್ನು ತಿರುಗಿಸಿ ನಿಲ್ಲಬೇಕು, ವೈದ್ಯೆ ಆರು ಮೀಟರ್ ದೂರದಿಂದ ಅಂಕಿಗಳನ್ನು ಪಿಸುಗುಟ್ಟಬೇಕು, ಅವರು ಅವನ್ನು ತಿರುಗಿ ಹೇಳಬೇಕು. ಎಜೆಯ ಎದುರಿಗೆ ಗಾಜಿನ ಬಾಗಿಲಿನ ಔಷಧಿ ಕಪಾಟಿತ್ತು. ಆ ಗಾಜಿನಲ್ಲಿ ವೈದ್ಯೆಯ ತುಟಿಗಳನ್ನು ನೋಡಿ ಅವರು ಉತ್ತರ ಹೇಳುತ್ತಿದ್ದಾರೆಂಬುದು ಎರಡನೆಯ ವರ್ಷವೇ ತಿಳಿಯಿತು. ಮೂರನೆಯ ವರ್ಷದಿಂದ ಲೇಖಕಿ ಪರೀಕ್ಷೆಯ ದಿನ ಬೆಳಿಗ್ಗೆ ಆ ಗಾಜನ್ನು ಒರೆಸಿಡಲು ಶುರುಮಾಡಿದಳು. ಅಂಕಿಗಳನ್ನೂ ಬದಲಿಸಲಿಲ್ಲ: ಇಪ್ಪತ್ತೆರಡು, ನಲವತ್ತನಾಲ್ಕು, ಅರವತ್ತಾರು.

ಆಮೇಲೆ ಜಗತ್ತಿನ ಬಾಯಿಗೆಲ್ಲ ಬಟ್ಟೆ ಕಟ್ಟಿದ ವರ್ಷಗಳು ಬಂದವು. ಮುಖಗವಸಿನ ಹಿಂದಿನ ತುಟಿಗಳನ್ನು ಓದುವುದು ಹೇಗೆ? ಎಜೆ ತಮ್ಮ ಬಾಗಿಲಿಗೆ ಒಂದು ಸೂಚನೆ ಅಂಟಿಸಿದರು: ಸೋಂಕು ಹರಡುತ್ತದೆ, ಮಾತಾಡಬೇಡಿ, ಚೀಟಿಯಲ್ಲಿ ಬರೆಯಿರಿ. ನಾವು ಸುಸ್ತಾಗಿದ್ದೆವು, ಸತ್ತವರ ಲೆಕ್ಕ ಬಿಟ್ಟಿದ್ದೆವು, ಆದರೂ ಚೀಟಿ ಬರೆದೆವು. ಅವರು ನಮಗಿಂತ ಹೆಚ್ಚು ಸುಸ್ತಾಗಿದ್ದರು. ಇಡೀ ದಿನ ಕಣ್ಣನ್ನು ಕಿವಿಯಾಗಿ ದುಡಿಸಿದವರಿಗೆ ಸಂಜೆ ಮನೆಯ ದಾರಿಯೂ ಉದ್ದವಾಗಿ ಕಾಣುತ್ತದೆಂದು ಈ ಲೇಖಕಿಗೆ ವೈದ್ಯೆಯಾಗಿ ಗೊತ್ತಿತ್ತು.

೨೦೨೧ರ ಮಾರ್ಚಿನಲ್ಲಿ ಹೊಸ ಮುಖ್ಯ ವೈದ್ಯರಾಗಿ ಬಂದ ತೆಮಿರ್ಕುಲ್ ಅವರು ಇದಾವುದನ್ನೂ ಅರಿಯದವರು, ನಿಯಮದ ಮನುಷ್ಯ. ಅವರು ಬಂದ ಎರಡನೆಯ ವಾರ, ಕಣಿವೆಯ ದಾರಿ ಹಿಮದಿಂದ ಮುಚ್ಚಿದ್ದ ಒಂದು ಬೆಳಿಗ್ಗೆ, ಎಕ್ಸ್-ರೇ ಕೋಣೆಯ ಕಂಪ್ಯೂಟರ್ ಓಡುತ್ತಿತ್ತು, ಪರದೆ ಮಾತ್ರ ಮೂಡಲಿಲ್ಲ. ಹೊರಗಿನ ಬೆಂಚಿನ ಮೇಲೆ, ಲಾರಿ ಮಗುಚಿ ಎದೆಗೆ ಪೆಟ್ಟು ತಿಂದ ಚಾಲಕ ಕಾಯುತ್ತಿದ್ದ. ತಂತಿ ಸರಿಯಿತ್ತು, ರಬ್ಬರು ಉಜ್ಜಿ ಆಯಿತು, ಪರದೆ ಕಪ್ಪಾಗಿಯೇ ಇತ್ತು. ಎಜೆ ಎಲ್ಲರನ್ನೂ ಹೊರಗೆ ಹೋಗುವಂತೆ ಸನ್ನೆ ಮಾಡಿದರು. ತೆಮಿರ್ಕುಲ್ ಹೋಗಲಿಲ್ಲ. ಬೇರೆ ದಾರಿಯಿಲ್ಲದೆ ಎಜೆ ಸ್ಪೀಕರನ್ನು ಹಲ್ಲಿನಲ್ಲಿ ಕಚ್ಚಿದರು. ಅದನ್ನೇಕೆ ಕಚ್ಚಿದ್ದೀರಿ ಎಂದು ಮುಖ್ಯ ವೈದ್ಯರು ಹಿಂದಿನಿಂದ ಮೂರು ಸಲ ಕೇಳಿದರು. ಕೊನೆಗೆ ಎದುರಿಗೆ ಬಂದು ನಿಂತಾಗ ಎಜೆ ಅವರ ಕಣ್ಣುಗಳನ್ನು ನೋಡಿ ಪ್ರಶ್ನೆಯನ್ನು ಊಹಿಸಿದರು.

"ಎರಡು ಕೈಯೂ ಒಳಗಿದೆ, ಡಾಕ್ಟರ್. ಮೂರನೇದು ದೇವ್ರು ಕೊಟ್ಟಿಲ್ಲ."

ಒಂದು ಉದ್ದ, ಎರಡು ಗಿಡ್ಡ. ಎಜೆ ಚಿತ್ರಕಾರ್ಡನ್ನೇ ಕಿತ್ತು ಬದಿಗಿಟ್ಟು, ಹದಿನೆಂಟು ವರ್ಷ ಯಾವುದಕ್ಕಾಗಿ ನಮ್ಮನ್ನೆಲ್ಲ ಬೈದಿದ್ದರೋ ಆ ಮೇಲಿನ ಕುಳಿಗೇ ತಂತಿ ಸಿಕ್ಕಿಸಿದರು. ಕಾರ್ಡು ಹೋದ ಮೇಲೆ ಸತ್ತ ಕುಳಿಗೆ ಜೀವ ಬರುತ್ತದೆ. ಪರದೆ ಬೆಳಗಿತು, ಚಾಲಕನ ಮುರಿದ ಮೂರು ಪಕ್ಕೆಲುಬುಗಳು ಬೆಳ್ಳಗೆ ಕಂಡವು, ಅವನು ಬದುಕಿಕೊಂಡ.

ಆ ಮಧ್ಯಾಹ್ನವೇ ತೆಮಿರ್ಕುಲ್ ಲೇಖಕಿಯ ಕೋಣೆಗೆ ಬಂದು, ಎಜೆಗೆ ಕಿವಿ ಕೇಳಿಸುತ್ತದೆಯೇ ಎಂದು ವಿಚಾರಿಸಿದರು.

"ಆರು ಮೀಟರ್ ಅಂತ ಬರೆದಿದೀನಿ" ಎಂದಳು ಲೇಖಕಿ.

"ಬರೆದಿರೋದನ್ನ ಕೇಳ್ತಿಲ್ಲ ನಾನು."

ಮರುದಿನ ತಮ್ಮೆದುರಿಗೇ ಮತ್ತೊಮ್ಮೆ ಪರೀಕ್ಷೆಯಾಗಬೇಕೆಂದು ಹೇಳಿ ಅವರು ಹೋದರು. ಎಜೆಗೆ ಆಗ ಐವತ್ತೆಂಟು. ಮನೆಯಲ್ಲಿ ಪಾರ್ಶ್ವವಾಯು ಬಡಿದ ಗಂಡ. ಈ ದುರಸ್ತಿ ಕೋಣೆ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ. ಬೆಳಿಗ್ಗೆ ಲೇಖಕಿ ಗಾಜನ್ನು ಎರಡು ಸಲ ಒರೆಸಿದಳು. ಎಜೆ ಬಂದು ಬೆನ್ನು ತಿರುಗಿಸಿ ನಿಂತರು. ಲೇಖಕಿ ಮುಖಗವಸನ್ನು ಕೆಳಗೆಳೆದು ಮೂರು ಅಂಕಿಗಳನ್ನೂ ಪಿಸುಗುಟ್ಟಿದಳು, ಮೂರೂ ಸರಿಯಾಗಿ ಮರಳಿ ಬಂದವು. ಆಗ ತೆಮಿರ್ಕುಲ್ ತಾವೇ ಒಂದನ್ನು ಹೇಳುವುದಾಗಿ ಮುಂದೆ ಬಂದರು. ಮುಖಗವಸು ತೆಗೆಯಲಿಲ್ಲ. ಗಾಜಿನಲ್ಲಿ ಕಂಡದ್ದು ಬರೀ ಬಿಳಿಯ ಬಟ್ಟೆ. ಅದು ಒಮ್ಮೆ ಅಲುಗಿತು.

ಎಜೆಯ ಕೈ ಜೇಬಿನಲ್ಲಿದ್ದ ಸ್ಪೀಕರನ್ನು ಹಿಸುಕುತ್ತಿತ್ತು. ಕೊನೆಗೆ ಗಾಜಿನ ಕಡೆಗೇ ಮುಖ ಮಾಡಿ ಹೇಳಿದರು:

"ಅರವತ್ತಾರು."

ತೆಮಿರ್ಕುಲ್ ನೆಲ ನೋಡುತ್ತ ನಿಂತರು. ಆಮೇಲೆ ನಡೆದುಹೋಗಿ ಎಜೆಯ ಎದುರು ನಿಂತು, ಮುಖಗವಸು ಇಳಿಸಿ, "ಸರಿಯಾಗಿದೆ" ಎಂದರು. ಎಜೆ ಹೋದ ಮೇಲೆ, ಇಷ್ಟು ವರ್ಷ ಹೀಗೇಕೆ ಬರೆದಿರಿ ಎಂದು ಲೇಖಕಿಯನ್ನು ಕೇಳಿದರು. ಗಾಜಿನ ಮೇಲೆ ಧೂಳಿತ್ತು, ಒರೆಸಿದೆ, ಅಷ್ಟೇ ಎಂದಳು ಅವಳು. ಆ ಸಂಜೆಯಿಂದ ಆಸ್ಪತ್ರೆಯಲ್ಲಿ ಬಾಯಿಂದ ಬಾಯಿಗೆ ಮುಖ್ಯ ವೈದ್ಯರ ಒಂದು ಆದೇಶ ಹೊರಟಿತು: ಎಜೆಯನ್ನು ಹಿಂದಿನಿಂದ ಕರೆಯಬಾರದು, ಬೆಳಕಿಗೆ ಮುಖ ಮಾಡಿ ನಿಧಾನವಾಗಿ ಮಾತಾಡಬೇಕು. ಇದನ್ನರಿಯದ ಎಜೆ, ಈಗಿನವರು ಮುಖ ಕೊಟ್ಟು ಮಾತಾಡುವ ಮರ್ಯಾದೆ ಕಲಿತಿದ್ದಾರೆಂದು ಮೂರು ವರ್ಷಗಳಿಂದ ನಮ್ಮನ್ನು ಹೊಗಳುತ್ತಿದ್ದಾರೆ.

ಬರುವ ಶುಕ್ರವಾರ ಊಟದ ಮನೆಯಲ್ಲಿ ಬೀಳ್ಕೊಡುಗೆ. ಮೇಜಿನ ತುಂಬ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೂರ್ಸೋಕ್ ಹರಡಿರುತ್ತದೆ, ಏಳು ಮಂದಿ ಮಾತಾಡುತ್ತಾರೆ, ಅವರಲ್ಲಿ ಮೂವರಿಗೆ ತುಟಿ ಮುಚ್ಚುವ ಮೀಸೆಗಳಿವೆ. ಎಜೆ ಸರಿಯಾದ ಜಾಗದಲ್ಲಿ ತಲೆಯಾಡಿಸುತ್ತ ಕೂರುತ್ತಾರೆ. ಆ ಮಾತುಗಳಲ್ಲಿ ಒಂದೂ ಅವರನ್ನು ತಲುಪುವುದಿಲ್ಲ. ತಲುಪಬೇಕಾದದ್ದನ್ನು ಬರೆಯಲೇಬೇಕಾಯಿತು, ತೆಮಿರ್ಕುಲ್ ಅವರೂ ಒಪ್ಪಿದ್ದಾರೆ. 'ಈ ಲೇಖಕಿ' ಎಂದು ದೂರ ನಿಂತು ಹೇಳಿದ್ದು ಸಾಕು.

ಎಜೆ, ನಾನು ಶಾಯಿರ್‌ಗುಲ್. ನನ್ನ ಗಾಜಿನ ಕಪಾಟನ್ನು ಸೋಮವಾರ ಗೋಡೆಗೆ ತಿರುಗಿಸಿಡುತ್ತೇನೆ. ನಾಲ್ಕನೆಯ ನಂಬರಿನ ಕೋಣೆಗೆ ಬನ್ನಿ, ನಿಜವಾದ ಪರೀಕ್ಷೆ ಮಾಡಿ ಎರಡೂ ಕಿವಿಗೆ ಉಪಕರಣ ಹಾಕುತ್ತೇನೆ. ನೀವು ನೂರು ವರ್ಷ ಬಾಳಬೇಕು, ಅಕ್ಟೋಬರಿನಲ್ಲಿ ಬಂದು ನಮ್ಮನ್ನು ಬೈಯುವ ಕೆಲಸವನ್ನು ಬಿಡಬಾರದು.

ಇನ್ನೊಂದು ಮಾತು. ಅಂದು ಪರೀಕ್ಷೆಯಲ್ಲಿ ತೆಮಿರ್ಕುಲ್ ಯಾವ ಅಂಕಿಯನ್ನೂ ಹೇಳಿರಲಿಲ್ಲ. ಅವರು ಕೇಳಿದ್ದು, "ಎಜೆ, ತುಂಬಾ ಸುಸ್ತಾಗಿದೆಯಾ?" ಎಂದು. ಅದಕ್ಕೆ ಉತ್ತರ ನೀವು ಇನ್ನೂ ಹೇಳಿಲ್ಲ. ಈಗ ಹೌದು ಎನ್ನಬಹುದು, ಯಾರೂ ನಿಮ್ಮನ್ನು ಕೆಲಸದಿಂದ ಕಳಿಸುವುದಿಲ್ಲ.