ಕಿಕ್ ರಿಟರ್ನರನೂ ನಮ್ಮ ಬೀಗರೂ

ಬೀಗರಿಬ್ಬರು ಒಂದೇ ಮನೆಯಲ್ಲಿದ್ದರೆ ಬಾತ್‌ರೂಮಿನ ಮುಂದೆ ಇಬ್ಬರೂ ಟವೆಲ್ಲು ಹಿಡಿದು ನಿಂತಿರುತ್ತಾರೆ, ಒಳಗೆ ಯಾರೂ ಇರುವುದಿಲ್ಲ. "ನೀವು ಮೊದಲು ಹೋಗಿ" ಅಂತ ಅವರು. "ಛೇ ಛೇ, ನೀವು ಹೋಗ್ರಿ" ಅಂತ ನಾನು. ಸ್ಯಾನ್ ರಮೋನ್‌ನ ಮಗಳ ಮನೆಯಲ್ಲಿ ನಾವು ಹೀಗೆ ಬದುಕುತ್ತಿದ್ದೆವು. ನಾನು ಗದಗಿನ ಕಡೆಯವನು, ಮೆಟ್ರಿಕ್‌ವರೆಗೆ ಓದಿದವನು. ಹೇವರ್ಡ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಏರಿಸಿ ಇಳಿಸಿ ವಯಸ್ಸು ಕಳೆದವನು. ಬೀಗರು, ಅಂದರೆ ಅಳಿಯನ ತಂದೆ, ಮೈಸೂರಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದರು. ನನ್ನ ಹೆಂಡತಿ ಹೋದ ವರ್ಷದ ಬೇಸಿಗೆಯಲ್ಲಿ ತಂಗಿಯ ಮನೆಯ ಮದುವೆಗೆಂದು ಊರಿಗೆ ಹೋಗಿದ್ದಳು. ಮಗಳು, ಅಳಿಯ ಬೆಳಿಗ್ಗೆ ಆಫೀಸಿಗೆ ಹೊರಟರೆ, ಆಗತಾನೆ ಅಂಬೆಗಾಲಿಡುತ್ತಿದ್ದ ಮೊಮ್ಮಗಳು ಸಂಜೆಯವರೆಗೆ ನಮ್ಮಿಬ್ಬರ ಪಾಲು.

ಮಗುವನ್ನು ಬಿಟ್ಟರೆ ನಮ್ಮಿಬ್ಬರನ್ನು ಸೇರಿಸುತ್ತಿದ್ದದ್ದು ಫುಟ್‌ಬಾಲು. ಇಲ್ಲಿಯವರ ಫುಟ್‌ಬಾಲು, ಕೈಯಲ್ಲಿ ಹಿಡಿದು ಓಡುವುದು. ನಾನು ಅದನ್ನು ಗೋದಾಮಿನ ಊಟದ ಕೋಣೆಯ ಟೀವಿಯಲ್ಲಿ ಕಲಿತೆ. ಬೀಗರು ಮಗನ ಪಕ್ಕ ಕೂತು ಕಲಿತರು. ಆದರೆ ಬ್ಯಾಂಕಿನವರಲ್ಲವೇ, ನಿಯಮಗಳನ್ನೆಲ್ಲ ಓದಿಕೊಂಡು ಬಂದು ನನ್ನನ್ನೇ ತಿದ್ದುತ್ತಿದ್ದರು. ಭಾನುವಾರ ನಾವು, ಅಳಿಯನೂ ಸೇರಿ, ಎರಡು ಬೀದಿ ಆಚೆ ಇರುವ ಡಾಕ್ಟರ ಗರಾಜಿಗೆ ಹೋಗುತ್ತೇವೆ. ಡಾಕ್ಟರು ಧಾರವಾಡದವರು. ಕಾರುಗಳನ್ನು ಹೊರಗೆ ನಿಲ್ಲಿಸಿ, ಹಳೆಯ ಸೋಫಾ ಹಾಕಿ, ಗೋಡೆಗೆ ದೊಡ್ಡ ಟೀವಿ ಬಡಿದಿದ್ದಾರೆ. ಅವರ ಮನೆಯವರು ದೊಡ್ಡ ಪಾತ್ರೆಯಲ್ಲಿ ಮಂಡಕ್ಕಿ ಗಿರ್ಮಿಟ್ ಕಲಸಿ ಇಟ್ಟಿರುತ್ತಾರೆ. ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಬೆಂಗಳೂರಿನ ಯುವಕನೊಬ್ಬ ಆ ಗಿರ್ಮಿಟ್‌ಗಾಗಿಯೇ ಕೊಲ್ಲಿಯ ಸೇತುವೆ ದಾಟಿ ಬರುತ್ತಾನೆ ಎಂದು ನಮ್ಮ ಗುಮಾನಿ.

ಆಗಸ್ಟ್ ಕೊನೆಯಲ್ಲಿ ಪ್ರತಿ ತಂಡವೂ ತೊಂಬತ್ತು ಆಟಗಾರರಲ್ಲಿ ಐವತ್ಮೂರು ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸಬೇಕು. ಅದರ ಹಿಂದಿನ ಭಾನುವಾರ ನೋಡಲು ಮ್ಯಾಚೇ ಇರುವುದಿಲ್ಲ. ಆದರೂ ನಾವು ಸೇರುತ್ತೇವೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು, ಕೋಚು ನಮ್ಮ ಫೋನಿಗೇ ಕಾಯುತ್ತಿದ್ದಾನೆ ಎನ್ನುವಂತೆ ಕೂಗಾಡುತ್ತೇವೆ. ಹೋದ ವರ್ಷದ ಆ ಭಾನುವಾರ ನಾನು ಆಡಿದ ಮಾತಿನ ಬಗ್ಗೆ ಹೇಳಬೇಕಾಗಿದೆ. ಅದಕ್ಕೆ ಮೊದಲು ಪಾರ್ಕಿನಲ್ಲಿ ಆದದ್ದನ್ನು ಹೇಳಬೇಕು.

ದಿನಾ ಬೆಳಿಗ್ಗೆ ಬಿಸಿಲು ಏರುವ ಮೊದಲು ಮಗುವನ್ನು ಸ್ಟ್ರಾಲರಿನಲ್ಲಿ ಕೂರಿಸಿಕೊಂಡು ನಾವಿಬ್ಬರೂ ಪಾರ್ಕಿಗೆ ಹೋಗುತ್ತಿದ್ದೆವು. ಆ ಭಾನುವಾರಕ್ಕೆ ಒಂದು ವಾರ ಮೊದಲು ಒಂದು ಬೆಳಿಗ್ಗೆ ಮಗು ಅಳಲು ಶುರು ಮಾಡಿತು, ನಾನು ಎತ್ತಿಕೊಂಡೆ.

"ಕೊಡಿ ಬೀಗರೇ, ನಿಮಗೆ ಸೊಂಟ ನೋವು" ಎಂದರು ಬೀಗರು.

"ಇರ್ಲಿ ಬಿಡ್ರಿ, ನಿಮಗ್ಯಾಕ ತ್ರಾಸು."

"ತ್ರಾಸೇನು ಬಂತು, ನನ್ನ ಮೊಮ್ಮಗಳೂ ತಾನೇ?"

ಬಾತ್‌ರೂಮಿನ ಮುಂದಿನ ಆಟವೇ ಇಲ್ಲೂ ನಡೆಯಿತು. ಕೊನೆಗೆ ನಾನು ಸೋತು ಮಗುವನ್ನು ಅವರತ್ತ ಚಾಚಿದೆ. ಅವರ ಒಂದು ಕೈ ಮಗುವಿನ ಬೆನ್ನಿಗೆ ಬಂದಿತ್ತು. ಇನ್ನೊಂದು ಕೈ ಕೆಳಗೆ ಬರುತ್ತಿತ್ತು, ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಎದುರಿನಿಂದ ವಾಕಿಂಗಿಗೆ ಬಂದ ಪರಿಚಯದ ಹಿರಿಯರೊಬ್ಬರು "ನಮಸ್ಕಾರ್ರೀ" ಎನ್ನುತ್ತ ಹಾದುಹೋದರು. ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದು ಜೋಡಿಸಿಕೊಂಡವು.

ಅಷ್ಟೇ ಆದದ್ದು. ಅರವತ್ತು ಎಪ್ಪತ್ತು ವರ್ಷದ ಅಭ್ಯಾಸ. ಹಿರಿಯರು ಕಂಡರೆ ಕೈ ಏಳುತ್ತದೆ, ಕೈಯಲ್ಲಿ ಏನಿದೆ ಎಂದು ಕೇಳುವುದಿಲ್ಲ. ಮಗು ಜಾರಿತು. ನನ್ನ ಕೈಯತ್ತ ನೋಡದೆ ಮಗುವನ್ನೇ ನೋಡುತ್ತಿದ್ದ ಬೀಗರು ಕಾಂಕ್ರೀಟಿನ ಮೇಲೆ ಮೊಣಕಾಲು ಊರಿ ಬಿದ್ದು, ಒಂದು ಕೈಯಲ್ಲಿ ಫ್ರಾಕು, ಇನ್ನೊಂದರಲ್ಲಿ ಕಾಲು ಹಿಡಿದುಬಿಟ್ಟರು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಅವರ ಪ್ಯಾಂಟು ಹರಿದು ಮೊಣಕಾಲಿನಲ್ಲಿ ರಕ್ತ ಬಂದಿತ್ತು.

ಬೆಂಚಿನ ಮೇಲೆ ಕೂತು ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಅವರಿಗೆ ಸ್ವಲ್ಪ ಕೈ ನಡುಕವಿದೆ, ಕಾಫಿ ಲೋಟ ಬಟ್ಟಲಿಗೆ ತಾಗಿ ಟಿಕಟಿಕ ಎನ್ನುತ್ತದೆ. "ನನ್ನ ಕೈ ಸರಿಯಿಲ್ಲ ಬೀಗರೇ" ಎಂದರು. "ಹಿಡಿದೆ ಅಂತಲೇ ಅಂದ್ಕೊಂಡೆ. ಮಕ್ಕಳಿಗೆ ಹೇಳ್ಬೇಡಿ, ದಯವಿಟ್ಟು."

ಬಿಟ್ಟವನು ನಾನು ಎಂದು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೊರಗೆ ಬಂದದ್ದು ಬೇರೆ: "ನಾನ್ಯಾಕ ಹೇಳ್ಲಿ ಬಿಡ್ರಿ. ವಯಸ್ಸಾದ ಮ್ಯಾಗ ಆಗೂದ."

ಅವರಿಗೇ ಉಪಕಾರ ಮಾಡಿದವನ ಹಾಗೆ ಆ ವಾರವೆಲ್ಲ ಓಡಾಡಿದೆ. ಅವರು ನನಗೆ ಕೊಡುವ ಮರ್ಯಾದೆ ಇನ್ನೂ ಹೆಚ್ಚಾಯಿತು. "ನೀವು ಮೊದಲು" ಎಂದರೆ ನಾನು "ಛೇ ಛೇ" ಎನ್ನುವುದನ್ನೇ ಬಿಟ್ಟೆ. ನೆಟ್ಟಗೆ ಸ್ನಾನಕ್ಕೆ ಹೋದೆ.

ಆಮೇಲೆ ಬಂದದ್ದು ಆ ಭಾನುವಾರ. ಅಂದು ಗರಾಜಿನಲ್ಲಿ ಮುಖ್ಯ ಜಗಳ ಕಿಕ್ ರಿಟರ್ನರನ ಬಗ್ಗೆ. ಎದುರು ತಂಡ ದೂರದಿಂದ ಒದ್ದ ಚೆಂಡನ್ನು ಹಿಡಿದು, ಮೈಮೇಲೆ ನುಗ್ಗಿ ಬರುವವರ ನಡುವೆ ತಿರುಗಿ ಓಡುವವನು ಅವನು. ನಮ್ಮ ತಂಡದಲ್ಲಿ ಆ ಕೆಲಸ ಮಾಡುತ್ತಿದ್ದವನಿಗೆ ವಯಸ್ಸಾಗಿತ್ತು. ಫುಟ್‌ಬಾಲಿನಲ್ಲಿ ಮೂವತ್ತು ದಾಟಿದರೆ ವಯಸ್ಸಾಯಿತು. ಸೀಸನ್ನಿಗೆ ಮುಂಚಿನ ತಯಾರಿ ಮ್ಯಾಚುಗಳಲ್ಲಿ ಅವನು ಎರಡು ಸಲ ಚೆಂಡು ಬೀಳಿಸಿದ್ದ. ಇತ್ತ ಬೇರೆ ತಂಡದವರು ಒಬ್ಬ ಚುರುಕು ಹುಡುಗನನ್ನು ಆಗಲೇ ತಂಡದಿಂದ ಬಿಟ್ಟಿದ್ದರು.

"ಅಂಕಲ್, ಇದ್ರಲ್ಲಿ ಡಿಬೇಟೇ ಇಲ್ಲ" ಎಂದ ರೆಡ್‌ವುಡ್ ಸಿಟಿಯವನು, ಬಾಯಲ್ಲಿ ಮಂಡಕ್ಕಿ ತುಂಬಿಕೊಂಡು. "ಹಳಬನ್ನ ಕಟ್ ಮಾಡಿ, ಹೊಸಬನ್ನ ಸೈನ್ ಮಾಡಿ. ಇವತ್ತೇ."

"ನೀನು ಮೊದ್ಲು ನುಂಗಪ್ಪಾ, ಆಮೇಲೆ ಸೈನ್ ಮಾಡೋಣ" ಎಂದರು ಬೀಗರು. "ಆ ಮೊದಲನೇ ಚೆಂಡು ಅವನ ತಪ್ಪೇ ಅಲ್ಲ. ಹಿಡಿಯೋ ಹೊತ್ತಿಗೆ ನಮ್ಮವನೇ ಬಂದು ಅವನಿಗೆ ಗುದ್ದಿದ. ಅದನ್ನ ಯಾರು ನೋಡಿದ್ರಿ? ಎಲ್ಲರೂ ಬಿದ್ದಿದ್ದನ್ನ ನೋಡ್ತೀರಿ, ಬೀಳಿಸಿದ್ದು ಯಾರು ಅಂತ ಒಬ್ಬರೂ ನೋಡಲ್ಲ."

ಅವರು ಪಾರ್ಕಿನ ಬಗ್ಗೆ ಹೇಳುತ್ತಿರಲಿಲ್ಲ. ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಆದರೆ ನನ್ನ ಕಿವಿ ಬಿಸಿಯಾಯಿತು.

"ಬೀಗರ, ಬಿದ್ದದ್ದು ಬಿತ್ತು. ಹಳಬನ್ನ ಕಳಸಿ ಹೊಸಬನ್ನ ತಗೋಬೇಕು. ಗುದ್ದಿದ ಗಿದ್ದಿದ ಅನ್ನೂದು ನೆವ" ಎಂದೆ.

"ನೆವ ಅಲ್ರೀ, ನ್ಯಾಯ."

"ಬ್ಯಾಂಕಿನ ನ್ಯಾಯ ಬ್ಯಾಂಕಿನಾಗ ಇಡ್ರಿ."

ಎಲ್ಲರೂ ನಕ್ಕರು. ಡಾಕ್ಟರು ಕೈ ಎತ್ತಿ, "ಬೀಗರ ಜಗಳರೀ, ನಡುವ ಬಂದವರಿಗೆ ಊಟ ಇಲ್ಲ" ಎಂದರು. ನಾಲ್ಕು ಜನರ ಮುಂದೆ ಬೀಗರ ಕಾಲೆಳೆಯುವುದು ನಮ್ಮಲ್ಲಿ ಸಲುಗೆ, ಯಾರೂ ಬೇಸರಪಟ್ಟುಕೊಳ್ಳುವಂತಿಲ್ಲ. ಆ ನಗು ನನಗೆ ತಲೆಗೇರಿತು. ಸಲುಗೆಯ ಮರೆಯಲ್ಲಿ ನಿಂತು ಹೇಳಿಬಿಟ್ಟೆ:

"ಕೈ ನಡಗಾವ್ರು ಕೈ ನಡಗಾವ್ರ ಪರವಾಗೇ ಮಾತಾಡ್ತಾರ. ಹೋದ ವಾರ ಪಾರ್ಕಿನಾಗ ಕೂಸಿನ್ನ ಬೀಳಸ್ತಿದ್ರಲ್ರೀ, ನಿಮ್ಮನ್ನೂ ಕಟ್ ಮಾಡೂಣೇನು?"

ಅರ್ಧ ನಗು ಎದ್ದು ಅಲ್ಲೇ ನಿಂತಿತು. ಅಳಿಯ ತಟ್ಟೆ ಕೆಳಗಿಟ್ಟ. "ಯಾವ ಪಾರ್ಕು ಮಾವ? ಯಾವಾಗ?"

ಬೀಗರೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಮನೆಯಲ್ಲಿ ಯಾರೂ ಬೈಯಲಿಲ್ಲ, ಜೋರಾಗಿ ಮಾತೂ ಆಡಲಿಲ್ಲ. ಮಗಳು ಮಾತ್ರ "ಅಪ್ಪಾ, ಇನ್ಮೇಲೆ ಬೇಬೀನ ನೀನೇ ಎತ್ಕೋ, ಓಕೆ?" ಎಂದಳು. ಒಂದೆರಡು ಡೇಕೇರಿಗೂ ಫೋನ್ ಮಾಡಿ ವಿಚಾರಿಸಿದಳು. ಬೀಗರಿಗೆ ಯಾರೂ ಏನನ್ನೂ ಬೇಡ ಎಂದಿರಲಿಲ್ಲ. ತಾವೇ ದೂರ ಸರಿದರು. ಒಂದು ಸಂಜೆ ಊಟಕ್ಕೆ ಕೂತಾಗ, ಟೆಕ್ಸಸ್‌ನಲ್ಲಿರುವ ತಮ್ಮ ಮಗಳ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದರು. "ಅಲ್ಲಿ ಮಕ್ಕಳು ದೊಡ್ಡವರಾಗಿದ್ದಾರೆ. ಎತ್ತಿಕೊಳ್ಳೋ ಕೆಲಸ ಇಲ್ಲ." ಅವರ ಮಗ ಬೇಡ ಎಂದ. ಆದರೆ ಒಂದೇ ಸಲ ಎಂದ.

ಮೊದಲ ಎರಡು ದಿನ ನನಗೆ ಖುಷಿಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು. ಮೊಮ್ಮಗಳು ಪೂರ್ತಿ ನನ್ನವಳು, ಸೋಫಾ ನನ್ನದು, ಓದಿದವರೊಬ್ಬರ ಮುಂದೆ ನನ್ನ ಕೈ ಮೇಲಾಗಿತ್ತು. ನಮ್ಮ ತಂಡವೂ ನಾನು ಹೇಳಿದ ಹಾಗೆಯೇ ಮಾಡಿತು, ಹಳಬನನ್ನು ಕಳಿಸಿ ಹೊಸಬನನ್ನು ತೆಗೆದುಕೊಂಡಿತು. ಸುದ್ದಿ ಬಂದಾಗ ಬೀಗರು, "ನೀವು ಗೆದ್ರಿ" ಎಂದಷ್ಟೇ ಹೇಳಿ ಪೇಪರು ತಿರುವಿದರು.

ಆ ಖುಷಿ ಮುರಿದದ್ದು ಒಂದು ಮಧ್ಯಾಹ್ನ. ನಾನು ಅಡುಗೆಮನೆಯಲ್ಲಿ ರಾಗಿ ಸರಿ ಕಾಯಿಸುತ್ತಿದ್ದೆ. ಮಗು ತೆವಳಿಕೊಂಡು ಹೋಗಿ ಬೀಗರ ಪ್ಯಾಂಟು ಹಿಡಿದು ಎದ್ದು ನಿಂತಿತು, ಎರಡೂ ಕೈ ಮೇಲೆತ್ತಿತು. ಅವರು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಬೀಗರೇ, ಬೇಗ ಬನ್ನಿ. ಮಗು ಎತ್ಕೋ ಅಂತಿದೆ" ಎಂದು ನನ್ನನ್ನು ಕೂಗಿದರು. ನಾನು ಬರುವವರೆಗೆ ಹಾಗೇ ನಿಂತಿದ್ದರು, ಮಗು ಅವರ ಕಾಲಿಗೆ ಆತುಕೊಂಡು ಅಳುತ್ತಿತ್ತು.

ಅವತ್ತೇ ಹೇಳಬಹುದಿತ್ತು. ಧೈರ್ಯ ಬರಲಿಲ್ಲ. ಸೀಸನ್ನಿನ ಮೊದಲ ಮ್ಯಾಚಿನ ಭಾನುವಾರದವರೆಗೆ ಎಳೆದೆ. ಮಾತು ಆಡಿದ ಜಾಗದಲ್ಲೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬೀಗರು ಬರುವುದಿಲ್ಲ ಎಂದರು, ಅಳಿಯ ಬಲವಂತ ಮಾಡಿ ಕರೆತಂದ. ಅರ್ಧ ಆಟ ಮುಗಿದಾಗ ನಾನು ಎದ್ದು ನಿಂತೆ.

"ಡಾಕ್ಟ್ರ, ಟೀವಿ ಸೌಂಡು ತೆಗೀರಿ. ಒಂದು ಮಾತು ಅದ."

ಪಾರ್ಕಿನದನ್ನು ಆದ ಹಾಗೆಯೇ ಹೇಳಿದೆ. ಕೈ ಬಿಟ್ಟವನು ನಾನು, ನಮಸ್ಕಾರ ಮಾಡಲು ಬಿಟ್ಟೆ, ಅದು ನನಗೆ ಆಗಲೇ ಗೊತ್ತಿತ್ತು, ಆದರೂ ಸುಮ್ಮನಿದ್ದೆ ಎಂದೆ. ಹೇಳಿ ಮುಗಿಸಿದಾಗ ಸುಮ್ಮನಿರಲಾಗದ ರೆಡ್‌ವುಡ್ ಸಿಟಿಯವನು ಸಣ್ಣ ದನಿಯಲ್ಲಿ, "ರಿಪ್ಲೇ ನೋಡ್ದೆ ಹೆಂಗೆ ಡಿಸಿಷನ್ ಕೊಡೋದು ಅಂಕಲ್?" ಎಂದ.

ಡಾಕ್ಟರು ಸೋಫಾದ ದಿಂಬನ್ನು ನನ್ನ ಕೈಗಿಟ್ಟರು. "ಮಾಡಿ ತೋರಸ್ರಿ."

ಬೀಗರೂ ಎದ್ದರು, ಅವರ ಎದುರು ನಿಂತೆ. ಅವರು ಬೆನ್ನ ಹಿಂದಿನಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಕೈ ದಿಂಬಿಗೆ ಬಂತು. "ನಮಸ್ಕಾರ್ರೀ" ಎಂದರು ಡಾಕ್ಟರು. ನಾನು ಕೈ ಜೋಡಿಸಿದೆ. ದಿಂಬು ನೆಲಕ್ಕೆ ಬಿತ್ತು. ಬೀಗರು ಅದನ್ನು ನೋಡಲೇ ಇಲ್ಲ, ನನ್ನ ಜೋಡಿಸಿದ ಕೈಗಳನ್ನೇ ನೋಡುತ್ತಿದ್ದರು.

"ಅಂದ್ರೆ ನಾನು ಬೀಳಿಸ್ಲಿಲ್ಲ?"

"ಇಲ್ರೀ. ನೀವು ಹಿಡದ್ರಿ. ನೀವು ಹಿಡೀಲಿಲ್ಲಂದ್ರ..."

ಅಳಿಯ ನಗುತ್ತಿರಲಿಲ್ಲ. "ಅಪ್ಪ ಟಿಕೆಟ್ ನೋಡ್ತಿದ್ರು ಮಾವ. ನಿಮಗೆ ಗೊತ್ತಿತ್ತು."

"ಗೊತ್ತಿತ್ತಪ್ಪ."

"ಎಂಥ ಮನುಷ್ಯ ಕಣ್ರೀ ನೀವು" ಎಂದರು ಬೀಗರು. ಹೋಗಿ ಸೋಫಾದ ಆ ತುದಿಯಲ್ಲಿ ಕೂತರು. ಡಾಕ್ಟರು ಅವರ ಪಕ್ಕ ಕೂತು ಎರಡೂ ಕೈಗಳನ್ನು ಹಿಡಿದು ನೋಡಿದರು, ಬೆರಳು ಚಾಚಿಸಿದರು, ಮಡಚಿಸಿದರು. "ಇದು ಕಾಫಿ ಚೆಲ್ಲೂ ನಡುಕರೀ, ಕೂಸು ಚೆಲ್ಲೂದಲ್ಲ. ಆದ್ರೂ ನಾಳೆ ಒಮ್ಮೆ ಕ್ಲಿನಿಕ್ಕಿಗೆ ಬರ್ರಿ" ಎಂದರು. ಉಳಿದರ್ಧ ಆಟದಲ್ಲಿ ಬೀಗರು ನನ್ನ ಜೊತೆ ಒಂದೂ ಮಾತಾಡಲಿಲ್ಲ. ನಾನು ಹಟ ಹಿಡಿದು ಬೇಕೆಂದಿದ್ದ ಹೊಸ ರಿಟರ್ನರು ಒಂದು ಚೆಂಡು ಬೀಳಿಸಿದ. ಎಲ್ಲರೂ ನನ್ನ ಕಡೆ ನೋಡಿದರು, ಬೀಗರೊಬ್ಬರೇ ನೋಡಲಿಲ್ಲ. ಬೈಯಲು ಅಷ್ಟು ಒಳ್ಳೆಯ ಅವಕಾಶ ಸಿಕ್ಕಿಯೂ ಅವರು ಬಿಟ್ಟದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ತಾಗಿತು.

ಮನೆಗೆ ಬಂದ ಮೇಲೆ ಮಗಳಿಗೂ ಹೇಳಿದೆ. "ಯು ಆರ್ ಬೆಂಚ್ಡ್, ಅಪ್ಪಾ" ಎಂದಳು. ಆಟದಿಂದ ತೆಗೆದು ಬೆಂಚಿನ ಮೇಲೆ ಕೂರಿಸಿದ್ದಾಳೆ ಎಂದರ್ಥ, ಸಿಟ್ಟಿನಲ್ಲೇ ಎಂದಳು. ಆಮೇಲೆ ಮಾವನ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದಳು. ಏನು ಮಾತಾಡಿದರೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅವಳು ಆಫೀಸಿಗೆ ಹೊರಡುವಾಗ ಮಗುವನ್ನು ನನಗೆ ಕೊಡಲಿಲ್ಲ. ಬೀಗರ ಮುಂದೆ ಕಾರ್ಪೆಟ್ಟಿನ ಮೇಲೆ ಕೂರಿಸಿ, "ಮಾವ, ನಾನು ಬರ್ತೀನಿ" ಎಂದು ಹೊರಟಳು. ಬೀಗರು ಕೆಳಗೆ ಕೂತು ಕೈ ಚಾಚಿದರು. ಮಗು ಅವರನ್ನು ನೋಡಿತು, ತಿರುಗಿ ನನ್ನ ಕಡೆ ತೆವಳಿತು. ಅಷ್ಟು ದಿನ ಎತ್ತಿಕೊಳ್ಳದವರ ಹತ್ತಿರ ಅದು ಯಾಕೆ ಹೋಗಬೇಕು? ನನ್ನ ಕೈ ಮುಂದೆ ಹೋಗಲು ಚಡಪಡಿಸಿತು. ನಾನು ಅಡುಗೆಮನೆಗೆ ಹೋಗಿ ನಿಂತೆ. ಅಲ್ಲಿಂದ ನೋಡುತ್ತಿದ್ದೆ.

ಅವರು ಕರೆಯಲೂ ಇಲ್ಲ, ಗೊಂಬೆ ತೋರಿಸಲೂ ಇಲ್ಲ. ಅಂಗೈ ಮೇಲೆ ಮಾಡಿ ಸುಮ್ಮನೆ ಕೂತರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅದನ್ನೇ ಆಟವೆಂದು ತಿಳಿಯಿತೋ ಏನೋ, ಮಗು ಹತ್ತಿರ ಬಂದು ಒಂದು ಬೆರಳು ಹಿಡಿಯಿತು. ಇನ್ನೊಂದನ್ನು ಹಿಡಿಯಿತು. ಆಮೇಲೆ ಅವರ ತೊಡೆ ಹತ್ತಿ ಕನ್ನಡಕಕ್ಕೆ ಕೈ ಹಾಕಿತು. ಬೀಗರು ಒಂದು ಕೈ ಬೆನ್ನಿಗೆ, ಒಂದು ಕೈ ಕೆಳಗೆ ಕೊಟ್ಟು, ಸೋಫಾದ ಅಂಚಿಗೆ ಆತುಕೊಂಡು ನಿಧಾನವಾಗಿ ಎದ್ದು ನಿಂತರು. ಕನ್ನಡಕ ಓರೆಯಾಗಿತ್ತು, ಸರಿಮಾಡಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

"ಏನ್ರೀ ಬೀಗರೇ" ಎಂದರು. ಗರಾಜಿನ ನಂತರ ನನ್ನ ಜೊತೆ ಆಡಿದ ಮೊದಲ ಮಾತು. "ಸುಮ್ನೆ ನಿಂತಿದ್ದೀರಲ್ಲ. ಆ ಡೈಪರ್ ಬ್ಯಾಗ್ ತಗೊಳ್ಳಿ, ಪಾರ್ಕಿಗೆ ಹೋಗೋಣ, ಬಿಸಿಲು ಏರ್ತಾ ಇದೆ."

ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲು ತೆರೆದು ಹಿಡಿದೆ. ಅವರು ಮಗುವಿನೊಂದಿಗೆ ಮೊದಲು ಹೊರಗೆ ನಡೆದರು.