ಒಂದು ಬಾಲಿನ ಅತಿಥಿ

ಹೋದ ಭಾನುವಾರ ನಾನು ಭಾರತ ತಂಡಕ್ಕೆ ಆಡಿದ ಆಟಗಾರ್ತಿಗೆ ಬೌಲಿಂಗ್ ಮಾಡಿದೆ.

ನಗಬೇಡಿ. ಫೋಟೋ ಇದೆ. (ಅದರಲ್ಲಿ ಹೊಟ್ಟೆಯೂ ಬಂದಿದೆ, ಅದಕ್ಕೇ ಇಲ್ಲಿ ಹಾಕಿಲ್ಲ.)

ನಡೆದದ್ದು ಮೊರಬದ ಹೊರಗೆ, ಕಡಲೆ ಕಿತ್ತು ರೋಲರ್ ಹೊಡೆಸಿದ ಹೊಲದಲ್ಲಿ. ಟೆನಿಸ್ ಬಾಲ್ ಟೂರ್ನಮೆಂಟಿನ ಉದ್ಘಾಟನೆ. ನಮ್ಮ ಕಡೆ ಇದಕ್ಕೊಂದು ಶಾಸ್ತ್ರವೇ ಇದೆ. ರಿಬ್ಬನ್ ಕತ್ತರಿಸಿದರೆ ಸಾಲದು, ಮುಖ್ಯ ಅತಿಥಿ ಒಂದು ಬಾಲ್ ಆಡಲೇಬೇಕು. ಅತಿಥಿ ಊರ ಮುಖಂಡರಾದರೆ ಧೋತರ ಎತ್ತಿ ಕಟ್ಟುತ್ತಾರೆ. ಅಧಿಕಾರಿಯಾದರೆ ಮೊಬೈಲನ್ನು ಪಕ್ಕದವರ ಕೈಗೆ ಕೊಡುತ್ತಾರೆ. ಬಾಲ್ ಎಸೆಯುವವನು ಕೂಸಿಗೆ ಎಸೆದಂತೆ ಎಸೆಯಬೇಕು. ತಪ್ಪಿದರೆ ಇನ್ನೊಂದು. ಅದೂ ತಪ್ಪಿದರೆ ಮತ್ತೊಂದು. ಬ್ಯಾಟಿಗೆ ತಾಗಿದ ಕೂಡಲೇ ಚಪ್ಪಾಳೆ, ಶಾಲು, ಹಾರ, ಕುರ್ಚಿ. ಅಲ್ಲಿಗೆ ಅತಿಥಿಯ ಕ್ರಿಕೆಟ್ ಮುಗಿಯಿತು.

ಈ ಸಲದ ಅತಿಥಿ ನೀಲಾ. ಅದೇ ಊರಿನ ಮಗಳು, ಭಾರತ ತಂಡದ ಆಲ್‌ರೌಂಡರ್.

ಆಲ್‌ರೌಂಡರ್ ಆದದ್ದು ಹೇಗೆ ಗೊತ್ತೇ? ಬೇಸಿಗೆ ಬಂತೆಂದರೆ ನಮ್ಮ ಎರೆ ಹೊಲಗಳು ಬಾಯಿ ಬಿಡುತ್ತವೆ. ಬಿರುಕಿಗೆ ಬಿದ್ದ ಬಾಲ್ ಮಳೆಗಾಲದವರೆಗೆ ಕೈಗೆ ಸಿಗದು. ಸಪಾಟಾಗಿ ಇರುವುದು ಕಾಳು ಒಕ್ಕುವ, ಸೆಗಣಿ ಸಾರಿಸಿದ ಕಣ ಒಂದೇ. ಅಲ್ಲಿ ಇಬ್ಬರು ಅಣ್ಣಂದಿರು ಆಡುತ್ತಿದ್ದರು. ತಂಗಿಯನ್ನು ಸೇರಿಸಿಕೊಂಡದ್ದು ಬಾಲ್ ಹೆಕ್ಕಿ ತರಲು. ಅವರಿಗೆ ಬೌಲಿಂಗ್ ಬೇಸರವಾದಾಗ ಬಾಲ್ ಇವಳ ಕೈಗೆ ಬಂತು. ಅವರು ಊಟಕ್ಕೆ ಹೋದಾಗ ಬ್ಯಾಟೂ ಬಂತು. ಉಳಿದ ಕೆಲಸವನ್ನೆಲ್ಲ ಮಾಡುತ್ತ ಮಾಡುತ್ತ ಹುಡುಗಿ ಆಲ್‌ರೌಂಡರ್ ಆದಳು. (ಆ ಲೆಕ್ಕದಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳೆಲ್ಲ ಆಲ್‌ರೌಂಡರ್‌ಗಳೇ. ಕ್ಯಾಪ್ ಕೊಡುವವರಿಲ್ಲ, ಅಷ್ಟೇ.)

ಮುಂದೆ ಬೆಳಗಿನ ಮೊದಲ ಬಸ್ಸಿಗೆ ಹುಬ್ಬಳ್ಳಿಯ ಕೋಚಿಂಗ್. ಉದ್ದನೆಯ ಕಿಟ್ ಬ್ಯಾಗ್ ನೋಡಿ ಕಂಡಕ್ಟರ್ ಕೇಳಿದನಂತೆ, "ತಂಬೂರಿ ಕಲಿಯಾಕ ಹೊಂಟೀಯೇನವಾ?" ಇವಳು ಹೂಂ ಎಂದಳಂತೆ. ಜಿಲ್ಲೆ ಆಯಿತು, ರಾಜ್ಯ ಆಯಿತು, ಒಂದು ದಿನ ಭಾರತವೂ ಆಯಿತು. ಆಫ್ ಸ್ಪಿನ್, ಏಳನೇ ನಂಬರಿನ ಬ್ಯಾಟಿಂಗ್. ಏಳನೇ ನಂಬರ್ ಅಂದರೆ ಏನು? ಗೆಲ್ಲುವಾಗ ಯಾರಿಗೂ ನೆನಪಿಲ್ಲ, ಸೋಲುವಾಗ ಎಲ್ಲರೂ ಅವಳನ್ನೇ ನೋಡುತ್ತಾರೆ. ಇಂಗ್ಲೆಂಡಿನ ಚಳಿಯಲ್ಲಿ ಬೆರಳು ಸೆಟೆದುಕೊಂಡು ಬಾಲೇ ತಿರುಗದ ದಿನ, ಆಸ್ಟ್ರೇಲಿಯಾದಲ್ಲಿ ಕೊನೆಯ ಓವರಿನಲ್ಲಿ ಮ್ಯಾಚ್ ಗೆಲ್ಲಿಸಿದ ದಿನ, ಎರಡನ್ನೂ ಕಂಡವಳು. ಹೋದ ವರ್ಷ ಮೊಣಕಾಲು ಕೈಕೊಟ್ಟಿತು. ಆಪರೇಷನ್, ಊರುಗೋಲು, ತಂಡದಿಂದ ಹೊರಗೆ. ಈಗ ಮತ್ತೆ ಕ್ಯಾಂಪಿಗೆ ಕರೆ ಬಂದಿದೆ. ಮರುದಿನ ಸೋಮವಾರವೇ ಹೊರಡಬೇಕಿತ್ತು.

ಇಷ್ಟೆಲ್ಲ ಆಡಿದ ಹುಡುಗಿಯ ಆಟವನ್ನು ಒಮ್ಮೆಯೂ ಕಣ್ಣಾರೆ ನೋಡದವರೊಬ್ಬರು ಆ ಮನೆಯಲ್ಲಿದ್ದರು. ಫಕೀರವ್ವ, ನೀಲಾಳ ಆಯಿ. (ನಮ್ಮ ಕಡೆ ಅಜ್ಜಿಯನ್ನು ಹೀಗೇ ಕರೆಯುವುದು.) ಎಂಬತ್ತು ದಾಟಿದೆ. ಬಸ್ ಹತ್ತಿದರೆ ವಾಂತಿ, ಹಾಗಾಗಿ ನವಲಗುಂದ ದಾಟಿದವರಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಬೇಡವೆಂದು ಎರಡು ವರ್ಷ ಹಟ ಹಿಡಿದಿದ್ದರು. ಊರಿನ ಟೂರ್ನಮೆಂಟಿಗೆ ನೀಲಾ ಬರುತ್ತಾಳೆ ಎಂದು ಕೇಳಿದ್ದೇ ತಡ, ತಾವೇ ಹೋಗಿ ಕಣ್ಣು ಮಾಡಿಸಿಕೊಂಡು ಬಂದರು. ಈಗ ಕಪ್ಪು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು.

ಕಮಿಟಿಯ ಅಧ್ಯಕ್ಷ ಕಲ್ಲಪ್ಪ ನನ್ನ ಕೈಗೆ ಬಾಲ್ ಕೊಟ್ಟ. "ಸರ್ರ, ನೀವ ಒಗೀರಿ. ಪೇಪರಿನ್ಯಾವ್ರು ಒಗದ್ರ ಒಂದ ಶೋಭಾ."

ಒಗೆದೆ. ಬಾಲ್ ಎರಡು ಸಲ ಪುಟಿದು, ಮೂರನೆಯದಕ್ಕೆ ಯೋಚನೆ ಮಾಡುತ್ತ ಹೋಯಿತು. ನೀಲಾ ಬಗ್ಗಿ, ಎಡಗಾಲು ಮುಂದಿಟ್ಟು, ನೆಟ್ಟಗೆ ಬ್ಯಾಟ್ ಹಿಡಿದು ಅದನ್ನು ಕಾಲ ಬುಡದಲ್ಲೇ ನಿಲ್ಲಿಸಿದಳು. ಸಿಕ್ಸರ್ ನೋಡಲು ಬಂದ ಜನಕ್ಕೆ ನಿರಾಸೆ. ನನಗೆ ಮಾತ್ರ ಭಾರೀ ಖುಷಿ. ನನ್ನ ಬಾಲಿಗೆ ಇಷ್ಟು ಮರ್ಯಾದೆ ಕೊಟ್ಟವರು ಇನ್ನಾರೂ ಇಲ್ಲ.

"ಯಾಕವಾ, ಹೊಡೀಲೇ ಇಲ್ಲಲ್ಲ?" ಎಂದೆ.

"ಮೊದಲನೇ ಬಾಲ್ ಪಿಚ್ ನೋಡಾಕ ಕಾಕಾ. ಎರಡನೇದು ಕೊಟ್ರ ಹೊಡೀತಿದ್ದೆ."

ಎರಡನೆಯದನ್ನು ಯಾರು ಕೊಡುತ್ತಾರೆ? ಚಪ್ಪಾಳೆ, ಶಾಲು, ಹಾರ, ಕುರ್ಚಿ. ಮ್ಯಾಚ್ ಶುರುವಾಯಿತು. ಮೊರಬದ ಹುಡುಗರು ಮತ್ತು ತಿರ್ಲಾಪುರದ ಹುಡುಗರು. ಬಾಜುವಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತ ನೀಲಾ ಪ್ರತಿ ಬಾಲಿಗೂ ಬೆರಳನ್ನು ತಿರುಗಿಸುತ್ತಿದ್ದಳು. ಅದು ಅವಳಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ನಾಲ್ಕು ಓವರ್ ಆದ ಮೇಲೆ ಆಯಿ ನನ್ನ ತೋಳು ತಟ್ಟಿದರು. "ಯಪ್ಪಾ, ನಮ್ಮ ನೀಲಿ ಯಾವಾಗ ಆಡ್ತಾಳ?"

"ಆಡಿದ್ಲಲ್ರಿ ಆಯಿ. ನನ್ನ ಬಾಲಿಗೆ."

ಆಯಿ ಕಪ್ಪು ಕನ್ನಡಕ ಸರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದೂ ಒಂದ ಆಟೇನ? ನೀ ಒಗದಿ, ಆಕಿ ತಡದಳು. ಅಂಥಾದ್ದ ನಾನೂ ತಡೀತೀನಿ."

ನನ್ನ ಬೌಲಿಂಗ್ ಕರಿಯರ್ ಅಲ್ಲಿಗೆ ಮುಗಿಯಿತು. ಆಯಿ ಕಲ್ಲಪ್ಪನನ್ನು ಕರೆದು ಅದೇ ಪ್ರಶ್ನೆ ಕೇಳಿದರು.

"ಆಕಿ ಮುಖ್ಯ ಅತಿಥಿ, ಆಯಿ. ಅತಿಥಿಗೋಳು ಆಡೂದಿಲ್ಲ. ಲಿಸ್ಟಿನ್ಯಾಗ ಹೆಸರಿಲ್ಲ."

"ಆಡಾಕ ಬರಾಕಿನ್ನ ಕರದು, ಆಡಬ್ಯಾಡಂತ ಕೂಡಿಸಿದ್ರಿ?"

ಕಲ್ಲಪ್ಪ ಲಿಸ್ಟ್ ತಿರುವತೊಡಗಿದ. ಬೇರೆಯವರಿಗೆ ಬುದ್ಧಿ ಹೇಳಿಯೇ ವಾರವಾರ ಈ ಜಾಗ ತುಂಬಿಸುವ ನನಗೆ, ಅಲ್ಲಿ ಏನೋ ತಪ್ಪಾಗಿದೆ ಎಂದು ಹೊಳೆದೇ ಇರಲಿಲ್ಲ. ಸಭೆ ಯಾವುದೇ ಇರಲಿ, ದೀಪ ಹಚ್ಚಲು ಒಬ್ಬ ಹೆಣ್ಣುಮಗಳನ್ನು ಕರೆಯುತ್ತೇವೆ. ದೀಪ ಹತ್ತಿದ ಮೇಲೆ ಮೈಕು ನಮ್ಮದು. ನಾಚಿಕೆಯಾಯಿತು, ನಿಜವಾಗಿಯೂ.

"ಇರ್ಲಿ ಬಿಡ ಆಯಿ, ಟಿವ್ಯಾಗ ನೋಡೀಯಂತ," ಎಂದಳು ನೀಲಾ.

"ಟಿವ್ಯಾಗ ನೀ ಬೆರಳಿನಷ್ಟ ಕಾಣ್ತಿ. ಅಷ್ಟರಾಗ ಮೈ ತೊಳಿಯೂ ಸಾಬಾಣದ ಜಾಹೀರಾತ ಬರ್ತೈತಿ. ನಾ ಕಣ್ಣ ಮಾಡಿಸ್ಕೊಂಡಿದ್ದ ಸಾಬಾಣ ನೋಡಾಕ?"

ಆಮೇಲೆ ಆಯಿ ಮಾಡಿದ್ದನ್ನು ಯಾವ ಕಮಿಟಿಯೂ ಊಹಿಸಿರಲಿಲ್ಲ. ಒಂದು ಇನಿಂಗ್ಸ್ ಮುಗಿದು ಹುಡುಗರು ಚುರುಮುರಿ ತಿನ್ನಲು ಹೋದಾಗ, ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಪಿಚ್ ನಡುವೆ ಹಾಕಿ ಕೂತರು. "ನೀಲಿ ಆಡೂತನಕ ನಾ ಏಳೂದಿಲ್ಲ."

ಅಂಪೈರ್ ತಲೆ ಕೆರೆದುಕೊಂಡ. ಬಾಲ್ ಬಿರುಕಿಗೆ ಬಿದ್ದರೆ ಎರಡು ರನ್ ಎಂದು ಟೂರ್ನಮೆಂಟಿನಲ್ಲಿ ನಿಯಮವಿತ್ತು. ಆಯಿ ಪಿಚ್ ಮೇಲೆ ಕೂತರೆ ಎಷ್ಟು ಎಂದು ಎಲ್ಲೂ ಬರೆದಿರಲಿಲ್ಲ.

ಕೊನೆಗೆ ತಿರ್ಲಾಪುರದ ಕ್ಯಾಪ್ಟನ್ ಮಂಜು ಮುಂದೆ ಬಂದ. ಸಿಕ್ಸರಿಗೆ ಸುತ್ತ ಹತ್ತೂರಲ್ಲಿ ಹೆಸರಾದವನು. "ಅಕ್ಕಾರು ಒಂದ ಓವರ್ ಒಗೀಲಿ ಬಿಡ್ರಿ. ನಾ ಆಡ್ತೀನಿ. ಸಾವಕಾಶ ಹೊಡೀತೀನಿ." ಜನ ಗೊಳ್ಳೆಂದು ನಕ್ಕರು.

ನೀಲಾ ನಗಲಿಲ್ಲ. ಎದ್ದು ಹೋಗಿ, ತನ್ನ ಶಾಲು ತೆಗೆದು ಆಯಿಗೆ ಹೊದಿಸಿ, ಅವರನ್ನು ಎಬ್ಬಿಸಿ ಕುರ್ಚಿಯನ್ನು ಬೌಂಡರಿ ಗೆರೆಯ ಆಚೆ ತಂದು ಹಾಕಿದಳು.

ಮೊದಲ ಬಾಲ್, ಸಿಕ್ಸರ್. ಬಣವೆ ದಾಟಿ ಹೋಯಿತು. ಆಯಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. "ನಮ್ಮ ನೀಲಿ ಒಗದದ್ದ ಎಷ್ಟ ದೂರ ಹೋತ ನೋಡ!" ನಾನು ತಿದ್ದಲಿಲ್ಲ.

ಎರಡನೆಯದನ್ನು ಮಂಜು ತಡೆದ. ಮೂರನೆಯದಕ್ಕೆ ಬ್ಯಾಟ್ ಬೀಸಿದ, ಗಾಳಿಗೆ ಬಡಿಯಿತು. ನಾನು ನೀಲಾಳ ಮೊಣಕಾಲನ್ನೇ ನೋಡುತ್ತಿದ್ದೆ. ಅದು ಗಟ್ಟಿಯಾಗಿ ನಿಂತಿತ್ತು. ನಾಲ್ಕನೆಯ ಬಾಲನ್ನು ಎತ್ತರಕ್ಕೆ, ತೀರ ಮೆಲ್ಲಗೆ ಬಿಟ್ಟಳು. ಮಂಜು ಎರಡು ಹೆಜ್ಜೆ ಮುಂದೆ ಬಂದ. ಬಾಲ್ ಅವನಿಗಿಂತ ಒಂದು ಗೇಣು ಮೊದಲೇ ನೆಲಕ್ಕೆ ಬಿದ್ದು, ತಿರುಗಿ ಒಳಗೆ ನುಗ್ಗಿತು. ನಡುವಿನ ಸ್ಟಂಪ್ ಮಲಗಿತ್ತು.

ಮೊದಲ ಸಿಳ್ಳೆ ಬಂದದ್ದು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕೂತಿದ್ದ ಹೈಸ್ಕೂಲ್ ಹುಡುಗಿಯರಿಂದ.

ಆಯಿ ನನ್ನ ಅಂಗಿ ಜಗ್ಗಿದರು. "ಏನಾತ? ಏನಾತ?"

"ಔಟಾದ ಆಯಿ. ನಿಮ್ಮ ನೀಲಿ ಅವನ್ನ ಔಟ್ ಮಾಡಿದ್ಲು."

ಆಯಿ ಶಾಲಿನ ಸೆರಗಿನಿಂದ ಹೊಸ ಕಣ್ಣು ಒರೆಸಿಕೊಂಡರು. ಆಮೇಲೆ ಕಲ್ಲಪ್ಪನ ಕಡೆ ತಿರುಗಿದರು. "ಹಂಗಾರ ಮುಂದಿನಾಂವನ್ನ ಕರೀ."

ಕಲ್ಲಪ್ಪ ವಾಚ್ ನೋಡಿದ. ಲಿಸ್ಟ್ ನೋಡಿದ. ಆಯಿಯನ್ನು ನೋಡಿದ. ಮುಂದಿನವನನ್ನು ಕರೆದ.

ಎರಡನೇ ಇನಿಂಗ್ಸ್ ಅರ್ಧ ತಾಸು ತಡವಾಗಿ ಶುರುವಾಯಿತು. ಯಾರೂ ತಕರಾರು ಮಾಡಲಿಲ್ಲ. ಮನೆಗೆ ಹೊರಟಾಗ ನೀಲಾಳನ್ನು ಕೇಳಿದೆ: "ಆಡಬೇಕಂತ ಇತ್ತಲ್ಲವಾ, ಮುಂಜಾನೇನ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲಲ್ರಿ ಕಾಕಾ," ಎಂದಳು.

ಶಾಲು ಹೊದಿಸಿ ಕೂಡಿಸುವ ಮೊದಲು "ಆಡ್ತೀಯೇನವಾ?" ಎಂದು ಕೇಳಲು ನಮಗೇನು ಧಾಡಿ?