ಭಾವನ ಎತ್ತರದ ಗಾಡಿ

ಹೋದ ವಾರ ಕೊರಟಗೆರೆಯಲ್ಲಿ ಸ್ಕೂಟರ್ ರಿಪೇರಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಬಿಚ್ಚಿ, ಪೂರ್ತಿ ಸೋರಿಹೋಗಿದೆ ನೋಡಿ ಎಂದು ನನ್ನ ಮುಂದೆ ಹಿಡಿದ. ಕರಿಯ ಎಣ್ಣೆ ಅದರ ಮೈಮೇಲೆ ಇಳಿದು, ದೂಳು ಮೆತ್ತಿ ಅಂಟಂಟಾಗಿತ್ತು. ಆ ಎಣ್ಣೆಗೆ ಒಂದು ಬಗೆಯ ಕಮಟು ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಭಾವನ ಅಂಗಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು. ಕೊನೆಕೊನೆಗೆ ಅಕ್ಕನ ಸೀರೆಗೂ, ಅವಳು ಹೊದ್ದುಕೊಳ್ಳುತ್ತಿದ್ದ ಶಾಲಿಗೂ...

ಭಾವ ಎಂದರೆ ನನ್ನ ಅಕ್ಕನ ಗಂಡ. ಪಾವಗಡದಿಂದ ನಾಗಲಮಡಿಕೆಗೆ ಹೋಗುವ ದಾರಿಯಲ್ಲಿ ಅವರ ಊರು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಅಕ್ಕ ಮದುವೆಯಾಗಿ ಹೋದ ಹೊಸದರಲ್ಲಿ ಅತ್ತೆಯ ಮಾತು ಅರ್ಥವಾಗದೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳಂತೆ. ಅದನ್ನು ಹೇಳಿಕೊಂಡು ಅಕ್ಕ, ಭಾವ ಇಬ್ಬರೂ ಎಷ್ಟೋ ವರ್ಷ ನಕ್ಕರು. ಮಕ್ಕಳಾಗಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರಿಬ್ಬರೇ. ಜೊತೆಗೆ, ಭಾವನ ಪಿಕಪ್ ಗಾಡಿ.

ಆ ಸೀಮೆಯಲ್ಲಿ ಸೋಲಾರ್ ಕೆಲಸ ಶುರುವಾದಾಗ ಕಂಬ, ಕಬ್ಬಿಣ, ಜಲ್ಲಿ ಹೊರುವುದಕ್ಕೆ ಭಾವನಿಗೆ ಬಿಡುವೇ ಇಲ್ಲದಂತಾಯಿತು. ಅಲ್ಲಿ ರಸ್ತೆ ಇರಲಿಲ್ಲ. ಬಂಡೆಗಳ ಮೇಲೆ, ತೋಡಿಟ್ಟ ಕಾಲುವೆಗಳ ಮೇಲೆ ಗಾಡಿಯ ಹೊಟ್ಟೆ ಉಜ್ಜುತ್ತಿತ್ತು. ಅದಕ್ಕೇ ಶಿರಾದ ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಎತ್ತರ ಮಾಡಿಸಿದರು. ಹಿಂದಕ್ಕೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ದೊಡ್ಡ ಲಾರಿಯ ಸ್ಪ್ರಿಂಗು, ಮುಂದಕ್ಕೆ ಯಾವುದೋ ಹಳೇ ಜೀಪಿನದು, ಶಾಕ್ ಅಬ್ಸಾರ್ಬರ್ ಮಾತ್ರ ಮೊದಲಿನವೇ. ಗಾಡಿ ಬಂದ ದಿನ ಅಕ್ಕ ಹತ್ತಲಾರದೆ ನಿಂತಿದ್ದಳು. ಭಾವ ಒಂದು ಮಣೆ ತಂದು ಕಾಲಡಿಗೆ ಇಟ್ಟರು. "ಆನೆ ಮೇಲೆ ಕೂರುಸ್ತೀನಿ ಕಣೆ ನಿನ್ನ," ಎಂದಿದ್ದರು. ಮೈತುಂಬ ಹೊರೆ ಇದ್ದಾಗ ಆ ಗಾಡಿ ನಿಜಕ್ಕೂ ಆನೆಯ ಹಾಗೇ ಹೋಗುತ್ತಿತ್ತು. ಖಾಲಿ ಇದ್ದಾಗ ಹೇಗೆ ಹೋಗುತ್ತದೆ ಎಂದು ಆಗ ಯಾರೂ ಯೋಚಿಸಲಿಲ್ಲ.

ಮಾರನೆಯ ವರ್ಷ ಅಕ್ಕನ ಕಾಲು ಊದತೊಡಗಿದವು. ಎರಡೂ ಮೂತ್ರಪಿಂಡ ಕೆಟ್ಟಿವೆ, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಲೇಬೇಕು ಎಂದರು. ಪಾವಗಡದಲ್ಲಿ ಜಾಗ ಸಿಗದೆ ಮಧುಗಿರಿಗೆ ಬರೆದುಕೊಟ್ಟರು. ಮೊದಲು ಬಸ್ಸಿನಲ್ಲೇ ಹೋಗಿಬರುತ್ತಿದ್ದರು. ಅಕ್ಕನ ಎಡಗೈಯಲ್ಲಿ ರಕ್ತನಾಳ ಜೋಡಿಸಿ, ಸೂಜಿ ಚುಚ್ಚಲು ಜಾಗ ಮಾಡಿದ್ದರು. ಆ ಕೈಗೆ ಏಟು ಬೀಳಬಾರದು. ಸಂತೆಯ ದಿನ ನೂಕುನುಗ್ಗಲಿನಲ್ಲಿ ಯಾರದೋ ಮೂಟೆ ಅದೇ ಕೈಗೆ ಬಡಿಯಿತು. ಅವತ್ತಿನಿಂದ ಬಸ್ಸು ಬೇಡವೆಂದು ಭಾವ ಪಿಕಪ್ಪಿನಲ್ಲೇ ಕರೆದೊಯ್ಯತೊಡಗಿದರು.

ನಾನು ಆಗಲೂ ಕೊರಟಗೆರೆಯಲ್ಲಿ ಕೆಲಸದಲ್ಲಿದ್ದೆ. ರಜೆ ಸಿಕ್ಕಾಗಲೆಲ್ಲ ಮಧುಗಿರಿಗೆ ಹೋಗಿ ಅಕ್ಕನ ಪಕ್ಕ ಕೂರುತ್ತಿದ್ದೆ. ಮುಗಿದ ಮೇಲೆ ಅವರ ಜೊತೆ ಪಾವಗಡದ ಕಡೆಗೆ ಹೊರಡುತ್ತಿದ್ದೆ. ಗಾಡಿಯ ಹಿಂದೆ ಹೊರೆ ಇಲ್ಲದ್ದರಿಂದ ಲಾರಿಯ ಪಟ್ಟಿಗಳು ಒಂದಿಷ್ಟೂ ಬಾಗುತ್ತಿರಲಿಲ್ಲ. ಚಿಕ್ಕ ಉಬ್ಬು ಬಂದರೂ ಹಿಂಬದಿ ಒದ್ದ ಹಾಗೆ ಮೇಲಕ್ಕೆ ಹಾರುತ್ತಿತ್ತು. ಮುಂಬದಿ ಒಮ್ಮೆ ಕುಣಿದರೆ ಫರ್ಲಾಂಗು ದೂರ ಕುಣಿಯುತ್ತಲೇ ಇರುತ್ತಿತ್ತು. ಅಕ್ಕ ಬಲಗೈಯಿಂದ ಎಡಗೈಯನ್ನು ಎದೆಗೊತ್ತಿ ಹಿಡಿದು, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಬೈಯುತ್ತಿರಲಿಲ್ಲ. ಅವಳು ಬೈದಿದ್ದರೆ ಭಾವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ...

ಮೊದಲು ಭಾವನಿಗೆ ಹೊಳೆದ ಉಪಾಯ ಮರಳು. ಹೊರೆ ಇದ್ದರೆ ಗಾಡಿ ಸುಮ್ಮನಿರುತ್ತದೆ, ಸರಿ, ಹೊರೆ ಹಾಕೋಣ ಎಂದು ಮೂಟೆಗಳಲ್ಲಿ ಮರಳು ತುಂಬಿ ಹಿಂದೆ ಜೋಡಿಸಿದರು. ಹಿಂಬದಿಯ ಒದೆತ ಕಡಿಮೆಯಾಯಿತು. ಆದರೆ ಮುಂದೆ ಗುಂಡಿಗಿಳಿದಾಗಲೆಲ್ಲ ಟಣ್ ಎಂದು ಸುತ್ತಿಗೆ ಬಿದ್ದ ಸದ್ದು. ಒಂದು ಭಾನುವಾರ ಭಾವ ಗಾಡಿಯ ಕೆಳಗೆ ಅಂಗಾತ ಮಲಗಿ, ನನ್ನನ್ನು ಮುಂದಿನ ಬಂಪರ್ ಒತ್ತಲು ಹೇಳಿದರು. ಒತ್ತಿ ಬಿಟ್ಟೆ. ಇನ್ನೊಮ್ಮೆ ಒತ್ತಿ ಬಿಟ್ಟೆ. ಕೆಳಗಿನಿಂದಲೇ ಅವರ ದನಿ ಬಂತು.

"ಇದು ನಿಂತಾಗ್ಲೇ ಪೂರ್ತಿ ಚಾಚ್ಕೊಂಡ್ಬುಟ್ಟೈತೆ ಕಣಮ್ಮ. ಗಾಡಿ ಮ್ಯಾಲಕ್ಕೋಯ್ತು, ಶಾಕಪ್ಸರು ಉದ್ದ ಆಗ್ಲಿಲ್ಲ. ಚಕ್ರ ಕೆಳಕ್ಕಿಳಿದ್ರೆ ಇದಕ್ಕೆ ಬರಕ್ಕೆ ಜಾಗನೇ ಇಲ್ಲ. ಅದಕ್ಕೇ ಹೊಡಿತೈತೆ."

ಸ್ಪ್ರಿಂಗು ಭಾರ ಹೊರುತ್ತದೆ, ಅದರ ಕುಣಿತವನ್ನು ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸುತ್ತದೆ, ಇವೆರಡಕ್ಕೂ ಹೊಂದಾಣಿಕೆ ಇರಬೇಕು ಎಂದು ಎದ್ದು ಕೂತು ನನಗೆ ವಿವರಿಸಿದರು. ಕಾರಣ ಸಿಕ್ಕಿತೆಂಬ ಖುಷಿಯಲ್ಲಿದ್ದರು. ಮೊದಲಿನ ಸ್ಪ್ರಿಂಗುಗಳನ್ನೇ ಹಾಕಿಸಬಹುದಲ್ಲ ಎಂದು ಕೇಳಿದೆ. ಅವನ್ನು ಗ್ಯಾರೇಜಿನವನು ಆಗಲೇ ಗುಜರಿಗೆ ಕೊಟ್ಟುಬಿಟ್ಟಿದ್ದ. ಆ ಮಾದರಿಯ ಗಾಡಿ ಬರುವುದೇ ನಿಂತು ವರ್ಷಗಳಾಗಿದ್ದವು. ಹಾಗಾಗಿ ಇನ್ನೊಂದು ದೊಡ್ಡ ಗಾಡಿಯ ಉದ್ದದ ಶಾಕ್ ಅಬ್ಸಾರ್ಬರ್ ತಂದು ಹಾಕಿಸಿದರು.

ಅವು ತೀರಾ ಬಿಗಿಯಾಗಿದ್ದವು. ಕುಣಿತ ನಿಂತಿತು, ಆದರೆ ರಸ್ತೆಯ ಒಂದೊಂದು ಕಲ್ಲೂ ನೇರ ಬೆನ್ನುಮೂಳೆಗೆ ಬಡಿಯತೊಡಗಿತು. ಆ ಶಾಕ್ ಹಾಕಿಸಿದ ಮೇಲಿನ ಮೊದಲ ಪ್ರಯಾಣದಲ್ಲಿ ನಾನೂ ಇದ್ದೆ. ಮಿಡಿಗೇಶಿ ದಾಟಿದ ಮೇಲೆ ಒಂದು ಕಡೆ ಟಾರು ಕಿತ್ತುಹೋಗಿತ್ತು. ಭಾವ ನಿಧಾನವಾಗಿಯೇ ಇಳಿಸಿದರು. ಆದರೂ ಗಾಡಿ ಎತ್ತಿ ಕುಕ್ಕಿತು. ಸ್ವಲ್ಪ ಹೊತ್ತಾದ ಮೇಲೆ ನನ್ನ ತೊಡೆ ಬೆಚ್ಚಗಾಯಿತು. ನೋಡಿದರೆ ಅಕ್ಕನ ಕೈಯ ಪಟ್ಟಿ ಪೂರ್ತಿ ಕೆಂಪಾಗಿ, ರಕ್ತ ಮೊಣಕೈಯಿಂದ ನನ್ನ ಮೇಲೆ ಇಳಿಯುತ್ತಿತ್ತು. ಡಯಾಲಿಸಿಸ್ಸಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಔಷಧಿ ಕೊಟ್ಟಿರುತ್ತಾರೆ, ಒಮ್ಮೆ ಸೂಜಿ ಚುಚ್ಚಿದ ಜಾಗ ಬಾಯಿ ಬಿಟ್ಟುಕೊಂಡರೆ ಬೇಗ ನಿಲ್ಲುವುದಿಲ್ಲ. ಭಾವ ಗಾಡಿ ನಿಲ್ಲಿಸಿ ಈ ಕಡೆ ಓಡಿಬಂದು, ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ ಹಿಡಿದರು. ಹುಣಸೆಮರದ ಕೆಳಗೆ ಹಾಗೇ ನಿಂತಿದ್ದರು. ಹೋಗುವ ಬರುವ ಗಾಡಿಗಳು ಹಾರನ್ ಹೊಡೆದು ಪಕ್ಕಕ್ಕೆ ಸರಿಯುತ್ತಿದ್ದವು. ಅಕ್ಕನೇ ಕೊನೆಗೆ, "ನಿಂತೈತೆ ಬುಡಿ, ಕೈ ನೋಯ್ತದೆ ನಿಮ್ದು," ಎಂದಳು. ಅವರು ಬಿಡಲಿಲ್ಲ.

ಆಮೇಲೆ ಭಾವ ಬದಲಾದರು. ಸೋಲಾರ್ ಕಡೆಯ ಬಾಡಿಗೆಗೆ ಕರೆದರೆ ಹೋಗುತ್ತಿರಲಿಲ್ಲ. ಆಸ್ಪತ್ರೆಯಿಲ್ಲದ ದಿನವೆಲ್ಲ ಗಾಡಿಯ ಕೆಳಗೇ. ಹಿಂದಿನ ಪಟ್ಟಿಗಳಲ್ಲಿ ಕೆಲವನ್ನು ತೆಗೆಸಿದರು, ಗಾಡಿ ಒಂದು ಮಗ್ಗುಲಿಗೆ ವಾಲಿತು. ಮತ್ತೆ ಒಂದನ್ನು ಸೇರಿಸಿದರು, ಒದೆತ ಮರಳಿ ಬಂತು. ಮುಂದಕ್ಕೆ ಮೆತ್ತಗಿನ ಸ್ಪ್ರಿಂಗು ತಂದರೆ ಆ ಬಿಗಿ ಶಾಕ್ ಅದನ್ನು ಮೇಲೇಳಲು ಬಿಡದೆ, ಗುಂಡಿಯಿಂದ ಗುಂಡಿಗೆ ಗಾಡಿ ಕುಸಿಯುತ್ತಾ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಒಂದು ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಶಿರಾ, ಮಧುಗಿರಿ, ಹಿಂದೂಪುರ, ಎಲ್ಲ ಕಡೆಯ ಗ್ಯಾರೇಜುಗಳನ್ನೂ ಸುತ್ತಿದರು. ಒಬ್ಬೊಬ್ಬರು ಒಂದೊಂದು ಹೇಳಿದರು.

ಪ್ರತಿ ಸಲ ಬದಲಾಯಿಸಿದ ಮೇಲೂ ಪರೀಕ್ಷೆ ಮಾಡುತ್ತಿದ್ದರು. ಅಕ್ಕ ಕೂರುವ ಸೀಟಿನ ಮೇಲೆ ಒಂದು ಬಿಂದಿಗೆಯನ್ನು ಅಂಚಿನವರೆಗೆ ನೀರು ತುಂಬಿ ಇಟ್ಟು, ಹಗ್ಗ ಕಟ್ಟಿ, ಊರಾಚೆಯ ಗುಂಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವುದು. ಎಷ್ಟು ಚೆಲ್ಲಿದೆ ಎಂದು ಬಗ್ಗಿ ನೋಡುವುದು. ಅಕ್ಕ ಬಾಗಿಲ ಹತ್ತಿರ ಕೂತಿರುತ್ತಿದ್ದಳು. ದಿನಕ್ಕೆ ಇಷ್ಟೇ ನೀರು ಎಂದು ಅವಳಿಗೆ ಡಾಕ್ಟರು ಕಟ್ಟು ಮಾಡಿದ್ದರು. ಪಾವಗಡದ ಬಿಸಿಲಿನಲ್ಲಿ ಚಿಕ್ಕ ಲೋಟದಿಂದ ಗುಟುಕು ಗುಟುಕಾಗಿ ನಾಲಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ ಅವಳ ಕಣ್ಣೆದುರಿಗೇ, ಗಾಡಿಯ ಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಷ್ಟೂ ನೀರು ಚೆಲ್ಕೊಂಡ್ ಬಂದ್ರಾ?" ಎಂದು ಒಂದು ದಿನ ಕೇಳಿದಳು. ಅವಳು ಕೇಳಿದ್ದು ನೀರಿನ ಆಸೆಯಿಂದ. ಭಾವನಿಗೆ ಅದು, ಗಾಡಿ ಇನ್ನೂ ಕುಲುಕುತ್ತದೆ ಎಂಬ ದೂರಿನ ಹಾಗೆ ಕೇಳಿಸಿತು. ಬಿಂದಿಗೆಯನ್ನು ಎತ್ತಿ ಅಂಗಳಕ್ಕೆ ಸುರಿದು, ಮತ್ತೆ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ನುಸುಳಿದರು.

ಕೊನೆಗೆ ಶಿರಾ ಹೆದ್ದಾರಿಯ ಪಕ್ಕದ ಗುಜರಿಯಲ್ಲಿ ಅದೇ ಮಾದರಿಯ ಇನ್ನೊಂದು ಪಿಕಪ್ ಸಿಕ್ಕಿತು. ಡಿಕ್ಕಿಯಾಗಿ ಮುಖ ಚಪ್ಪಟೆಯಾಗಿದ್ದರೂ ಕೆಳಗಿನದೆಲ್ಲ ಗಟ್ಟಿಯಾಗಿತ್ತು. ಹಿಂದಿನ ಪಟ್ಟಿ, ಮುಂದಿನ ಸ್ಪ್ರಿಂಗು, ನಾಲ್ಕೂ ಶಾಕ್ ಅಬ್ಸಾರ್ಬರ್, ಎಲ್ಲವನ್ನೂ ಒಟ್ಟಿಗೇ ಬಿಚ್ಚಿಸಿ ತಂದು ಹಾಕಿಸಿದರು. ಗಾಡಿ ಮೊದಲಿನ ಎತ್ತರಕ್ಕೆ ಇಳಿಯಿತು. ಇನ್ನು ಅದು ಬಂಡೆ ಹತ್ತುವ ಹಾಗಿಲ್ಲ, ಸೋಲಾರ್ ಕೆಲಸ ಮುಗಿದಂತೆಯೇ. ಆದರೂ ಭಾವನ ಮುಖದಲ್ಲಿ ಬಹಳ ದಿನಗಳ ಮೇಲೆ ಗೆಲುವು ಕಂಡಿತು.

ಆ ವಾರ ಮಧುಗಿರಿಯಿಂದ ಹೊರಟಾಗ ಅಕ್ಕ ನನ್ನ ಭುಜಕ್ಕೆ ಒರಗಿದಳು. ಊರು ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಮಿಡಿಗೇಶಿಯ ಆ ಕಿತ್ತ ರಸ್ತೆ ಬಂದಾಗ ಭಾವ ಉಸಿರು ಬಿಗಿಹಿಡಿದದ್ದು ನನಗೆ ಗೊತ್ತಾಯಿತು. ಗಾಡಿ ಇಳಿಯಿತು, ಏರಿತು, ಅಷ್ಟೆ. ಅಕ್ಕ ಏಳಲಿಲ್ಲ. ಮನೆಯ ಮುಂದೆ ಬಂದ ಮೇಲೂ ಭಾವ ಎಂಜಿನ್ ನಿಲ್ಲಿಸಲಿಲ್ಲ, ಸದ್ದು ನಿಂತರೆ ಅವಳಿಗೆ ಎಚ್ಚರವಾದೀತೆಂದು. ಅವಳು ತಾನಾಗಿ ಕಣ್ಣು ಬಿಡುವವರೆಗೆ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದರು. "ಆಗ್ಲೇ ಬಂದ್ಬುಟ್ವಾ?" ಎಂದಳು ಅಕ್ಕ.

ಅಂಥ ಪ್ರಯಾಣ ಅವಳಿಗೆ ಬಹಳ ಸಿಗಲಿಲ್ಲ. ತಿಂಗಳು ತುಂಬುವ ಮೊದಲೇ ಚಳಿಜ್ವರ ಬಂತು. ಸೋಂಕು ರಕ್ತಕ್ಕೆ ಸೇರಿದೆ ಎಂದರು. ಆಸ್ಪತ್ರೆಯಲ್ಲೇ ಹೋದಳು. ಇದಕ್ಕೂ ಪ್ರಯಾಣಕ್ಕೂ ಸಂಬಂಧವಿಲ್ಲ, ಈ ಕಾಯಿಲೆಯಲ್ಲಿ ಹೀಗಾಗುತ್ತದೆ ಎಂದು ಡಾಕ್ಟರು ನಮ್ಮೆಲ್ಲರ ಮುಂದೆಯೇ ಹೇಳಿದರು.

ಅಮ್ಮನಿಗೆ ಆ ಮಾತು ಒಳಗೆ ಇಳಿಯಲಿಲ್ಲ. ರಕ್ತ ಸೋರಿದ ದಿನದ ಸುದ್ದಿಯನ್ನು ಯಾರೋ ಅವಳಿಗೆ ಹೇಳಿದ್ದರು. ಸಮಾಧಿಗೆ ಹಾಲುತುಪ್ಪ ಬಿಟ್ಟು ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ, ಅಮ್ಮ ಎದ್ದು ನಿಂತು ಭಾವನ ಕಡೆ ತಿರುಗಿದಳು. ಅಳುತ್ತಿರಲಿಲ್ಲ.

"ಕಾಯ್ಲೆ ಅಲ್ಲ ನನ್ನ ಮಗಳ್ನ ತಿಂದಿದ್ದು. ನಿನ್ನ ಗಾಡಿ. ಎತ್ತೆತ್ತಿ ಹಾಕಿ ಕೊಂದ್ಬುಟ್ಟೆ."

ನೆಂಟರು ಅಮ್ಮನನ್ನು ಹಿಡಿದು ಕೂರಿಸಿದರು. ಭಾವ ಹೌದು ಎನ್ನುವಂತೆ ತಲೆ ತಗ್ಗಿಸಿದರು. ಅದನ್ನು ನೋಡಿ ನನಗೆ ಭಯವಾಯಿತು.

ತಿಂಗಳು ಬಿಟ್ಟು ನಾನೊಬ್ಬಳೇ ಹೋದೆ. ಮನೆಗೆ ಬೀಗ ಹಾಕಿತ್ತು. ಕಾಯುತ್ತಾ ಜಗಲಿಯ ಮೇಲೆ ಕೂತೆ. ಗುಂಡಿ ರಸ್ತೆಯ ಕಡೆಯಿಂದ ಪಿಕಪ್ ಬಂತು. ಭಾವ ಇಳಿದು ಈ ಕಡೆಯ ಬಾಗಿಲು ತೆಗೆದರು. ಸೀಟಿನ ಮೇಲೆ ನೀರಿನ ಬಿಂದಿಗೆ, ಅದಕ್ಕೆ ಹಗ್ಗ. ನಾನು ಬಂದದ್ದು ಕಂಡರೂ ಮೊದಲು ಬಗ್ಗಿ ಬಿಂದಿಗೆಯನ್ನೇ ನೋಡಿದರು.

"ಇನ್ಯಾಕೆ ಭಾವ ಇದೆಲ್ಲ?" ಎಂದೆ.

"ಇನ್ನೂ ಚೆಲ್ತೈತೆ ಕಣಮ್ಮ."

ಡಾಕ್ಟರ ಮಾತನ್ನು ನೆನಪಿಸಿದೆ. ಅಮ್ಮ ಸಂಕಟದಲ್ಲಿ ಅಂದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ಬಿಂದಿಗೆಯ ಹಗ್ಗ ಬಿಚ್ಚುತ್ತಾ ಕೇಳಿಸಿಕೊಂಡರು.

"ಡಾಕ್ಟ್ರು ಏನಂದ್ರು ಅಂತ ನಂಗೂ ಗೊತ್ತು. ಆದ್ರೆ ಅವ್ಳಿಗೆ ನೋವಾಗಿದ್ದು ಸುಳ್ಳಾ? ಇದ್ದಿದ್ದೇ ಸ್ವಲ್ಪ ದಿನ ಅವ್ಳಿಗೆ. ಅಷ್ಟು ದಿನಾನೂ ಕುಲುಕಿ ಕುಲುಕಿ ಇಟ್ಟೆ ನಾನು."

ನಾನು ಬಿಂದಿಗೆಯನ್ನು ಸೀಟಿನಿಂದ ಇಳಿಸಿ ಜಗಲಿಯ ಮೇಲೆ ಇಟ್ಟೆ.

ಮುಂದಿನ ಸಲ ಹೋಗುವಷ್ಟರಲ್ಲಿ ಭಾವ ಗಾಡಿಯನ್ನು ಯಾರಿಗೋ ಕೊಟ್ಟು, ಬೋರ್‌ವೆಲ್ ಲಾರಿಯವರ ಜೊತೆ ಆಂಧ್ರದ ಕಡೆ ಹೋಗಿಬಿಟ್ಟಿದ್ದರು. ಡ್ರೈವರ್ ಆಗಿ ಅಲ್ಲ, ಪೈಪು ಇಳಿಸುವ ಕೂಲಿಗೆ. ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಅಲ್ಲಿ ಮೊದಲೇ ಹೇಳಿದ್ದರಂತೆ. ಫೋನ್ ಮಾಡಿದರೆ ಒಮ್ಮೊಮ್ಮೆ ಎತ್ತುತ್ತಿದ್ದರು. ಊಟ ಆಯ್ತಾ, ಅತ್ತೆ ಹೆಂಗವ್ರೆ, ಅಷ್ಟೇ ಮಾತು. ಆಮೇಲೆ ಎತ್ತುವುದನ್ನೂ ಬಿಟ್ಟರು. ಈ ಬೇಸಿಗೆಯಲ್ಲಿ ಅವರ ನಂಬರಿನಿಂದಲೇ ಕರೆ ಬಂತು. ತೆಲುಗು ಬೆರೆತ ಕನ್ನಡದಲ್ಲಿ ಯಾರೋ ಮಾತಾಡಿದರು. ರಾತ್ರಿ ಮಲಗಿದ ಭಾವ ಬೆಳಿಗ್ಗೆ ಏಳಲಿಲ್ಲವಂತೆ. ಯಾರಿಗೆ ತಿಳಿಸಬೇಕೆಂದು ಗೊತ್ತಾಗದೆ ಅಲ್ಲೇ ಮಣ್ಣು ಮಾಡಿದರಂತೆ. ಅವರ ಫೋನು ಆಮೇಲೆ ಸಿಕ್ಕಿತು, ಅದರಲ್ಲಿ ಇದ್ದ ನಂಬರುಗಳಿಗೆ ಒಂದೊಂದಾಗಿ ಮಾಡುತ್ತಿದ್ದೇವೆ ಎಂದರು.

ಅಮ್ಮನಿಗೆ ನಾನು ಹೇಳಲಿಲ್ಲ. ಕೊರಟಗೆರೆ ಹತ್ತಿರದ ಕೊಳಾಲದ ನಮ್ಮ ಮನೆಯಲ್ಲಿ ಅವಳು ಈಗ ನನ್ನ ಜೊತೆಗೇ ಇದ್ದಾಳೆ. ಮಂಡಿ ಹಿಡಿದಿದೆ. ಇತ್ತೀಚೆಗೆ ಎರಡು ಸಲ ಅವಳಾಗಿಯೇ, "ಅಳಿಯಂಗೆ ಒಂದು ಫೋನ್ ಮಾಡೆ, ಬಂದು ಉಂಡ್ಕೊಂಡು ಹೋಗ್ಲಿ," ಎಂದಿದ್ದಳು. ಮಾಡುತ್ತೇನೆ ಎಂದು ಸುಮ್ಮನಾಗಿದ್ದೆ.

ನಿನ್ನೆ, ತೀರಿಹೋದವರಿಗೆ ಎಡೆ ಇಡುವ ಹಿರಿಯರ ಹಬ್ಬ. ಎಡೆಯ ಮುಂದೆ ಅಕ್ಕನಿಗೆಂದು ಸೀರೆ ಇಟ್ಟೆವು. ಅಮ್ಮ ಅಡುಗೆಮನೆಗೆ ಹೋದಾಗ ಅದರ ಪಕ್ಕ ಒಂದು ಹೊಸ ಪಂಚೆ, ಅಂಗಿ ಇಟ್ಟೆ. ಅವಳು ಪಾಯಸದ ಪಾತ್ರೆ ಹಿಡಿದು ಬಂದವಳು ಅದನ್ನು ನೋಡಿ ನಿಂತಳು. ಯಾರಿಗೆ ಎಂದು ಕೇಳಲಿಲ್ಲ. ನನ್ನ ಮುಖ ನೋಡಿದಳು, ಆಮೇಲೆ ಗೋಡೆ ಹಿಡಿದು ನಿಧಾನವಾಗಿ ಕೂತಳು.

ಪಂಚೆಯನ್ನೇ ನೋಡುತ್ತಾ ಹೇಳಿದಳು.

"ಅವತ್ತು ನಾನಂದಿದ್ದು ಅವ್ನಿಗೆ ಕೇಳುಸ್ತು ಕಣೆ. ಇನ್ಮೇಲೆ ಏನಂದ್ರೂ ಕೇಳುಸಕ್ಕಿಲ್ಲ."

ನಾನು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು, ಅಕ್ಕನ ಎಡೆಯ ಪಕ್ಕ ಇನ್ನೊಂದು ಎಲೆ ಹಾಕಿದೆ.